ದಾರಿಯಲ್ಲಿ ಹಾಸಿಗೆ ಹಿಡಿದರೆ ಆರ್‌ವಿಯನ್ನು ಮನೆಗೆ ತರುವವರು ಯಾರು? ಅಮೆರಿಕದ ಕನ್ನಡಿಗರಿಗೆ ಟ್ರಾವೆಲ್ ಅಸಿಸ್ಟೆನ್ಸ್ ಪರಿಚಯ

ಸ್ಯಾನ್ ಹೋಸೆಯಿಂದ ಹೊರಟು ಮೂವತ್ತಡಿ ಉದ್ದದ ಮೋಟರ್‌ಹೋಮಿನಲ್ಲಿ (ಮಲಗಲು, ಅಡುಗೆಗೆ ಜಾಗವಿರುವ ಓಡುವ ಮನೆ, ಆರ್‌ವಿಯ ಒಂದು ಬಗೆ) ಯೂಟಾದ ಮೋಆಬ್ ತಲುಪಿದ್ದೀರಿ ಎಂದುಕೊಳ್ಳಿ. ಗಾಡಿ ಓಡಿಸಲು ಬರುವುದು ನಿಮಗೊಬ್ಬರಿಗೇ. ಜೊತೆಗೆ ಹೆಂಡತಿ, ಇಬ್ಬರು ಮಕ್ಕಳು, ಬೇಸಿಗೆ ಕಳೆಯಲು ಊರಿಂದ ಬಂದ ಅಪ್ಪ ಅಮ್ಮ. ಮೂರನೆಯ ದಿನ ಬೆಳಗಿನ ಜಾವ ನಿಮಗೇ ಎದೆ ಹಿಡಿದುಕೊಳ್ಳುತ್ತದೆ. 911ಕ್ಕೆ ಕರೆ, ಆಂಬುಲೆನ್ಸ್, ಆ ಸಣ್ಣ ಊರಿನ ಆಸ್ಪತ್ರೆ. ಅಲ್ಲಿನ ವೈದ್ಯರು ನೋಡಿ, ನೂರು ಮೈಲಿಗೂ ಆಚೆ ಕೊಲರಾಡೋದಲ್ಲಿರುವ ಗ್ರ್ಯಾಂಡ್ ಜಂಕ್ಷನ್‌ಗೆ ಕಳಿಸುತ್ತಾರೆ.

ಇಲ್ಲಿಯವರೆಗೆ ಈ ದೇಶದ ವ್ಯವಸ್ಥೆ ಚೆನ್ನಾಗಿಯೇ ನಡೆಯುತ್ತದೆ. 1986ರ ಎಮ್ಟಾಲಾ ಕಾನೂನಿನ ಪ್ರಕಾರ, ತುರ್ತು ವಿಭಾಗವಿರುವ ಬಹುತೇಕ ಎಲ್ಲ ಆಸ್ಪತ್ರೆಗಳೂ ದುಡ್ಡಿನ ಮಾತೆತ್ತದೆ ರೋಗಿಯನ್ನು ಪರೀಕ್ಷಿಸಿ, ಅಪಾಯದಿಂದ ಪಾರು ಮಾಡಲೇಬೇಕು. ತೊಡಕು ಶುರುವಾಗುವುದು ಅಪಾಯ ಕಳೆದ ಮೇಲೆ. ನೀವು ಗ್ರ್ಯಾಂಡ್ ಜಂಕ್ಷನ್‌ನಲ್ಲಿ ಮಲಗಿದ್ದೀರಿ, ಮನೆಯವರು ಮೋಆಬ್‌ನಲ್ಲಿದ್ದಾರೆ. ಕ್ಯಾಂಪ್‌ಗ್ರೌಂಡಿನ ಬುಕಿಂಗ್ ನಾಳೆ ಹನ್ನೊಂದಕ್ಕೆ ಮುಗಿಯುತ್ತದೆ. ಮನೆ ಸಾವಿರ ಮೈಲಿಗೆ ಹತ್ತಿರ. ಇನ್ನು ಒಂದು ತಿಂಗಳು ಸ್ಟಿಯರಿಂಗ್ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಆ ಗಾಡಿಯನ್ನು ಯಾರು ಮನೆಗೆ ತರುತ್ತಾರೆ?

ನಮ್ಮಲ್ಲಿ ಹೆಚ್ಚಿನವರು ‘ಇನ್ಶೂರೆನ್ಸ್ ಇದೆಯಲ್ಲ’ ಎಂದು ನಿಶ್ಚಿಂತರಾಗಿರುತ್ತಾರೆ. ಇದೆ ನಿಜ. ಆದರೆ ಆರೋಗ್ಯ ವಿಮೆ ಕೊಡುವುದು ಚಿಕಿತ್ಸೆಯ ದುಡ್ಡು. ಆರ್‌ವಿ ವಿಮೆ ಕೊಡುವುದು ಗುದ್ದಿದ್ದಕ್ಕೆ, ಕಳುವಾದದ್ದಕ್ಕೆ, ಆಲಿಕಲ್ಲು ಬಿದ್ದದ್ದಕ್ಕೆ. ರೋಡ್‌ಸೈಡ್ ಅಸಿಸ್ಟೆನ್ಸ್ ಬರುವುದು ಟೈರು ಒಡೆದಾಗ, ಬ್ಯಾಟರಿ ಸತ್ತಾಗ. ನಮ್ಮ ಉದಾಹರಣೆಯಲ್ಲಿ ಗಾಡಿಗೆ ಏನೂ ಆಗಿಲ್ಲ, ಕೆಟ್ಟಿರುವುದು ಡ್ರೈವರ್. ಆ ಸಂದರ್ಭಕ್ಕಾಗಿ ಇರುವುದೇ ಟ್ರಾವೆಲ್ ಅಸಿಸ್ಟೆನ್ಸ್ ಎಂಬ ನಾಲ್ಕನೆಯ ಪದಾರ್ಥ. ಆರ್‌ವಿ ಕೊಳ್ಳುವಾಗ ಡೀಲರ್ ಕೊಡುವ ಕಾಗದದ ಕಟ್ಟಿನಲ್ಲಿ ಇದರ ಒಂದು ಕರಪತ್ರವೂ ಇರಬಹುದು. ನಾವು ಅದನ್ನು ಓದದೆ ಡ್ರಾಯರ್‌ಗೆ ಹಾಕಿರುತ್ತೇವೆ.

ಗುಡ್ ಸ್ಯಾಮ್ ಸಂಸ್ಥೆ ರೋಡ್‌ಸೈಡ್ ಸೇವೆಯನ್ನೂ ಟ್ರಾವೆಲ್ ಅಸಿಸ್ಟ್ ಅನ್ನೂ ಬೇರೆಬೇರೆಯಾಗಿ ಮಾರುತ್ತದೆ. ಒಂದನ್ನು ಕೊಂಡು ಎರಡೂ ಇದೆ ಎಂದುಕೊಂಡವರು ಎಷ್ಟೋ ಜನ. 1963ರಲ್ಲಿ ಮೋಟರ್‌ಹೋಮ್ ಮಾಲೀಕರು ಸೇರಿ ಕಟ್ಟಿದ ಎಫ್‌ಎಂಸಿಎ ಎಂಬ ಸಂಘದಲ್ಲಿ ಸದಸ್ಯತ್ವದ ಜೊತೆಗೇ ಇಂಥ ಸೇವೆ ಬರುತ್ತದೆ. 2017ರಿಂದ ಈಚೆಗೆ ಟ್ರೇಲರ್ ಎಳೆಯುವವರೂ ಅಲ್ಲಿ ಸದಸ್ಯರಾಗಬಹುದು. ಮೆಡ್‌ಜೆಟ್ ಮುಖ್ಯವಾಗಿ ಆಸ್ಪತ್ರೆಯಿಂದ ಆಸ್ಪತ್ರೆಗೆ ರೋಗಿಯನ್ನು ಸಾಗಿಸುವ ಕಂಪನಿ, ಅದಕ್ಕೂ ಆರ್‌ವಿಗೂ ನೇರ ಸಂಬಂಧವಿಲ್ಲ. ಯಾವುದು ಒಳ್ಳೆಯದು ಎಂದು ನಾನು ಹೇಳುವುದಿಲ್ಲ, ನಿಯಮಗಳು ವರ್ಷವರ್ಷಕ್ಕೆ ಬದಲಾಗುತ್ತವೆ. ಹೇಳಬೇಕಾದದ್ದು ಬೇರೆ: ಈ ಸೇವೆಗಳ ಕರಾರು ಪತ್ರಗಳಲ್ಲಿ ಬರುವ ಮೂರು ಸಾಮಾನ್ಯ ಪದಗಳಿಗೆ ನಾವು ಮನೆಯಲ್ಲಿ ಬಳಸುವ ಅರ್ಥವಿಲ್ಲ.

ಮೊದಲನೆಯದು ‘ಸಹಾಯ’. ವಿಮೆ ಎಂದರೆ ನೀವು ಖರ್ಚು ಮಾಡಿ, ರಸೀದಿ ಕಳಿಸಿ, ದುಡ್ಡು ವಾಪಸು ಪಡೆಯುವುದು ಎಂದು ನಮಗೆ ರೂಢಿಯಾಗಿದೆ. ಅಸಿಸ್ಟೆನ್ಸ್ ಹಾಗಲ್ಲ. ವಿಮಾನ, ನರ್ಸು, ಡ್ರೈವರು ಎಲ್ಲವನ್ನೂ ಅವರೇ ಗೊತ್ತುಮಾಡಬೇಕು, ಅವರೇ ದುಡ್ಡು ಕಟ್ಟಬೇಕು. ಗಾಬರಿಯಲ್ಲಿ ನೀವೇ ತಮ್ಮನಿಗೆ ಟಿಕೆಟ್ ತೆಗೆದು ಕರೆಸಿಕೊಂಡು, ಅವನ ಕೈಲಿ ಗಾಡಿ ಓಡಿಸಿ, ಆಮೇಲೆ ಬಿಲ್ಲು ಕಳಿಸಿದರೆ, ಬಹುಮಟ್ಟಿಗೆ ಒಂದು ಡಾಲರೂ ಬರುವುದಿಲ್ಲ. ಮೋಸ ಅಂತ ಅನಿಸಬಹುದು, ಆದರೆ ಪತ್ರದಲ್ಲಿ ಅದು ಸ್ಪಷ್ಟವಾಗಿಯೇ ಬರೆದಿರುತ್ತದೆ. ಹಾಗಾಗಿ ಕರೆಗಳಿಗೆ ಒಂದು ಕ್ರಮವಿರಲಿ. ಮೊದಲು 911. ರೋಗಿ ಆಸ್ಪತ್ರೆ ಸೇರಿದ ಕೂಡಲೇ ಅಸಿಸ್ಟೆನ್ಸ್ ಕಂಪನಿಯ ನಂಬರು. ಅಣ್ಣತಮ್ಮಂದಿರು, ಕನ್ನಡ ಕೂಟದ ವಾಟ್ಸ್ಆ್ಯಪ್ ಗುಂಪು ಎಲ್ಲ ಆಮೇಲೆ. ನಮ್ಮವರು ಇದನ್ನು ತಿರುಗಿಸಿ ಮಾಡುತ್ತಾರೆ. ಕೂಟದವರು ಅರ್ಧ ಗಂಟೆಯಲ್ಲಿ ಎಲ್ಲ ವ್ಯವಸ್ಥೆ ಮಾಡಿಬಿಡುತ್ತಾರೆ, ಅದು ನಮ್ಮ ಬಲ. ಆದರೆ ಅದೇ ಆತುರ ನೀವು ದುಡ್ಡು ಕೊಟ್ಟು ಕೊಂಡ ಸೇವೆಯನ್ನು ಕೈತಪ್ಪಿಸಬಹುದು.

ಮನೆಗೆ ಹಾರಿಸುತ್ತಾರೆ ಎಂದರೆ ಖಾಸಗಿ ಜೆಟ್ ಬರುತ್ತದೆ ಎಂದೂ ಅಲ್ಲ. ಚಿಕಿತ್ಸೆ ಕೊಡುವ ವೈದ್ಯರೂ ಕಂಪನಿಯ ವೈದ್ಯರೂ ಮಾತಾಡಿ, ಸಾಗಿಸುವ ಅಗತ್ಯವಿದೆಯೇ, ಹೇಗೆ ಸಾಗಿಸಬೇಕು ಎಂದು ತೀರ್ಮಾನಿಸುತ್ತಾರೆ. ಎಷ್ಟೋ ಸಲ ಅದು ಮಾಮೂಲಿ ವಿಮಾನದಲ್ಲಿ ಒಬ್ಬ ನರ್ಸಿನ ಜೊತೆ ಪಯಣ. ಇರುವ ಆಸ್ಪತ್ರೆಯಲ್ಲೇ ಸರಿಯಾದ ಚಿಕಿತ್ಸೆ ಸಿಗುತ್ತಿದ್ದರೆ ‘ಗುಣವಾಗುವವರೆಗೆ ಅಲ್ಲೇ ಇರಿ’ ಎನ್ನುವ ಪತ್ರಗಳೇ ಹೆಚ್ಚು. ನಿಮಗೆ ಬೇಕಾದ ಆಸ್ಪತ್ರೆಗೆ ಒಯ್ಯುವುದೇ ಮೆಡ್‌ಜೆಟ್‌ನಂಥವರ ವಿಶೇಷ. ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆಯೂ ಅದೇ.

ಎರಡನೆಯ ಪದ ‘ಮನೆ’. ಮನೆಯಿಂದ ಇಷ್ಟು ಮೈಲಿ ದೂರ ಹೋದ ಮೇಲಷ್ಟೇ ಸೇವೆ ಜಾರಿಗೆ ಬರುತ್ತದೆ. ಎಫ್‌ಎಂಸಿಎಯದ್ದು 75 ಮೈಲಿ, ಮೆಡ್‌ಜೆಟ್‌ನದ್ದು 150. ಸ್ಯಾನ್ ಹೋಸೆಯವರು ಮಾಂಟರೇ ಕಡಲತೀರಕ್ಕೆ ವಾರಾಂತ್ಯಕ್ಕೆ ಹೋಗಿ ಬಿದ್ದರೆ ಎರಡೂ ಲೆಕ್ಕಕ್ಕಿಲ್ಲ. ಇನ್ನೂ ಮುಖ್ಯವಾದದ್ದು, ‘ಮನೆ’ ಎಂದರೆ ನೀವು ಅರ್ಜಿಯಲ್ಲಿ ಬರೆದ ಇಲ್ಲಿನ ವಿಳಾಸ. ನಿಮ್ಮ ಮನಸ್ಸಿನಲ್ಲಿ ಮನೆ ಎಂದರೆ ಹಾಸನವೋ ಧಾರವಾಡವೋ ಇರಬಹುದು, ಕಂಪನಿಗೆ ಅದು ಗೊತ್ತಿಲ್ಲ. ಹೇಳಲು ಕಹಿಯಾದರೂ ಹೇಳಬೇಕು: ಸಾವು ಸಂಭವಿಸಿದರೆ ಪಾರ್ಥಿವ ಶರೀರವನ್ನು ತಲುಪಿಸುವುದೂ ಸಾಮಾನ್ಯವಾಗಿ ಆ ವಿಳಾಸಕ್ಕೇ. ಅಲ್ಲಿಂದ ಭಾರತಕ್ಕೆ ಒಯ್ಯುವುದು ಬೇರೆ ಖರ್ಚು, ಬೇರೆ ಕಾಗದ: ಮರಣ ಪತ್ರ, ಶವ ಕೆಡದಂತೆ ಸಂಸ್ಕರಿಸಿದ (ಎಂಬಾಮಿಂಗ್) ಪತ್ರ, ಸೋಂಕು ರೋಗವಿರಲಿಲ್ಲ ಎಂಬ ಪತ್ರ, ಫ್ಯೂನರಲ್ ಹೋಮಿನ ಪತ್ರ, ಪಾಸ್‌ಪೋರ್ಟ್ ರದ್ದತಿ, ಭಾರತೀಯ ಕಾನ್ಸುಲೇಟಿನ ಒಪ್ಪಿಗೆ. ಇದನ್ನೆಲ್ಲ ಮಾಡಿಸುವುದರಲ್ಲಿ ಪಳಗಿದ ಹಿರಿಯರು ಅನೇಕ ಕೂಟಗಳಲ್ಲಿ ಇದ್ದಾರೆ. ಅವರ ನಂಬರು ಇಟ್ಟುಕೊಂಡಿರಿ.

ನಿವೃತ್ತರಾಗಿ, ಮನೆ ಮಾರಿ, ವರ್ಷಪೂರ್ತಿ ಆರ್‌ವಿಯಲ್ಲೇ ಇರುವವರಿಗೆ ‘ಮನೆ’ ಇನ್ನೂ ವಿಚಿತ್ರ. ಇಲ್ಲಿ ಅಂಥವರು ಟೆಕ್ಸಸ್, ಫ್ಲಾರಿಡಾ ಅಥವಾ ಸೌತ್ ಡಕೋಟಾದಲ್ಲಿ ಒಂದು ಅಂಚೆ ವಿಳಾಸ ಮಾಡಿಕೊಂಡು ಅದನ್ನೇ ಕಾನೂನಿನ ನೆಲೆಯಾಗಿಸಿಕೊಳ್ಳುತ್ತಾರೆ. ಕಾಯಿಲೆ ಬಿದ್ದಾಗ ಅಂಚೆಪೆಟ್ಟಿಗೆ ಇರುವ ಊರಿಗೆ ಹೋಗಿ ಏನು ಮಾಡುವುದು? ಮಗಳ ಊರಿಗೆ ತಲುಪಿಸುತ್ತೀರಾ ಎಂದು ಕೊಳ್ಳುವ ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳಬೇಕು. ಹಿರಿಯರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ ಮೆಡಿಕೇರ್ ಇದೆ ಎಂದು ಧೈರ್ಯ ಬೇಡ. ಅದು ಆಂಬುಲೆನ್ಸಿಗೆ ದುಡ್ಡು ಕೊಡುವುದು ಹತ್ತಿರದ ತಕ್ಕ ಆಸ್ಪತ್ರೆಯವರೆಗೆ ಮಾತ್ರ, ಮನೆಯವರೆಗೆ ಅಲ್ಲ.

ಮೂರನೆಯದು ‘ಕುಟುಂಬ’. ನಮ್ಮವರು ಎಡವುವುದು ಇಲ್ಲಿಯೇ ಹೆಚ್ಚು. ಪತ್ರದಲ್ಲಿ ‘ಫ್ಯಾಮಿಲಿ ಪ್ಲಾನ್’ ಎಂದಿರುತ್ತದೆ. ಆ ಫ್ಯಾಮಿಲಿಯಲ್ಲಿ ಸದಸ್ಯ, ಸಂಗಾತಿ, ಅವಲಂಬಿತ ಮಕ್ಕಳು ಇರುತ್ತಾರೆ. ಅಪ್ಪ, ಅಮ್ಮ, ಅತ್ತೆ, ಮಾವ ಸಾಮಾನ್ಯವಾಗಿ ಇರುವುದಿಲ್ಲ. ಅವರು ನಿಮ್ಮ ಗಾಡಿಯಲ್ಲೇ ಕೂತಿದ್ದರೂ, ನೀವೇ ಅವರನ್ನು ಸಾಕುತ್ತಿದ್ದರೂ ಅಷ್ಟೇ. ಅವರಿಗೆ ಇರುವುದು ಬರುವಾಗ ಕೊಂಡ ವಿಸಿಟರ್ ಇನ್ಶೂರೆನ್ಸ್ ಒಂದೇ. ಅದರಲ್ಲಿ ಎರಡು ಜಾತಿ. ಒಂದು, ಪ್ರತಿ ಚಿಕಿತ್ಸೆಗೂ ಇಷ್ಟೇ ಡಾಲರ್ ಎಂದು ಕಟ್ಟುಹಾಕಿದ್ದು. ಅಗ್ಗ, ಆದರೆ ಇಲ್ಲಿನ ಬಿಲ್ಲಿನ ಮುಂದೆ ಸಮುದ್ರಕ್ಕೆ ಒಂದು ಚಮಚ. ಇನ್ನೊಂದು, ಡಿಡಕ್ಟಿಬಲ್ (ಮೊದಲು ನೀವೇ ಕೈಯಿಂದ ಕಟ್ಟಬೇಕಾದ ಮೊತ್ತ) ಕಳೆದು ಒಂದು ಮಿತಿಯವರೆಗೆ ಬಿಲ್ಲನ್ನೇ ಭರಿಸುವ ಕಾಂಪ್ರಹೆನ್ಸಿವ್. ಮೋಆಬ್, ಯೆಲ್ಲೋಸ್ಟೋನ್ ಅಂತ ಸುತ್ತಿಸುವುದಿದ್ದರೆ ಎರಡನೆಯದೇ ಬೇಕು. ಅಪ್ಪನಿಗೆ ಮೊದಲೇ ಬಿಪಿ, ಶುಗರ್ ಇದ್ದರೆ ‘ಹಳೆಯ ಕಾಯಿಲೆಯ ಹಠಾತ್ ಉಲ್ಬಣ’ ಎಂಬ ಷರತ್ತಿನ ಸಾಲನ್ನು ಎರಡೆರಡು ಸಲ ಓದಿ. ಎಪ್ಪತ್ತು ದಾಟಿದವರಿಗೆ ಮಿತಿ ಹಲವು ಪಾಲಿಸಿಗಳಲ್ಲಿ ಧಡಕ್ಕನೆ ಇಳಿಯುತ್ತದೆ. ಒಂದು ಸಮಾಧಾನವೆಂದರೆ, ತುರ್ತು ಸಾಗಣೆ ಮತ್ತು ಪಾರ್ಥಿವ ಶರೀರವನ್ನು ಭಾರತಕ್ಕೆ ಕಳಿಸುವ ಸೌಲಭ್ಯ ಇಂಥ ವಿಮೆಗಳಲ್ಲಿ ಹೆಚ್ಚಾಗಿ ಇರುತ್ತದೆ. ಅದಕ್ಕೂ ಅವರ ಅಸಿಸ್ಟೆನ್ಸ್ ನಂಬರಿಗೇ ಮೊದಲು ಕರೆ ಮಾಡಬೇಕು.

ಹೆಲಿಕಾಪ್ಟರಿನ ಮಾತು ಇಲ್ಲೇ ಹೇಳಿಬಿಡುತ್ತೇನೆ. ರಾಷ್ಟ್ರೀಯ ಉದ್ಯಾನಗಳ ಕಡೆ ರಸ್ತೆಯಲ್ಲಿ ಎರಡು ಗಂಟೆಯಾಗುವಲ್ಲಿ ಹೆಲಿಕಾಪ್ಟರ್ ಕರೆಸುತ್ತಾರೆ, ಕರೆಸುವುದು ನೀವಲ್ಲ. ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ ಕಂಡುಕೊಂಡಂತೆ, 2017ರಲ್ಲಿ ಒಂದು ಹೆಲಿಕಾಪ್ಟರ್ ಸಾಗಣೆಯ ಬಿಲ್ಲಿನ ಮಧ್ಯದ ಮೊತ್ತ ಸುಮಾರು 36,400 ಡಾಲರ್, ರೋಗಿಯನ್ನು ಸಾಗಿಸುವ ವಿಮಾನದ್ದು 40,600. 2022ರ ಜನವರಿ 1ರಿಂದ ನೋ ಸರ್ಪ್ರೈಸಸ್ ಕಾನೂನು ಜಾರಿಯಲ್ಲಿದೆ: ನಿಮ್ಮ ಆರೋಗ್ಯ ವಿಮೆ ಏರ್ ಆಂಬುಲೆನ್ಸನ್ನು ಒಪ್ಪುವುದಾದರೆ, ಹಾರಿಸಿದ ಕಂಪನಿ ನೆಟ್‌ವರ್ಕಿನಲ್ಲಿ (ವಿಮೆಯವರೊಡನೆ ಒಪ್ಪಂದವಿರುವವರ ಪಟ್ಟಿಯಲ್ಲಿ) ಇಲ್ಲದಿದ್ದರೂ ನೀವು ಕೊಡಬೇಕಾದದ್ದು ನೆಟ್‌ವರ್ಕಿನ ಪಾಲು ಮಾತ್ರ. ತಮಾಷೆ ಏನೆಂದರೆ, ಆಕಾಶದಲ್ಲಿ ಹೋದರೆ ಈ ರಕ್ಷಣೆ ಇದೆ, ನೆಲದ ಆಂಬುಲೆನ್ಸಿಗೆ ಈ ಕಾನೂನು ಅನ್ವಯಿಸುವುದಿಲ್ಲ. ಅಪ್ಪ ಅಮ್ಮನ ವಿಸಿಟರ್ ಇನ್ಶೂರೆನ್ಸಿಗೂ ಅನ್ವಯಿಸುವುದಿಲ್ಲ. ಏರ್ ಆಂಬುಲೆನ್ಸ್ ಕಂಪನಿಗಳೇ ಮಾರುವ ಸದಸ್ಯತ್ವಗಳೂ ಇವೆ. ಅವು ಅವರದೇ ಜಾಲದ ಹೆಲಿಕಾಪ್ಟರ್ ಬಂದರೆ ಮಾತ್ರ ಉಪಯೋಗ. ಪ್ರಜ್ಞೆ ತಪ್ಪಿದವನು ಯಾವ ಹೆಲಿಕಾಪ್ಟರ್ ಬಂತು ಎಂದು ನೋಡುತ್ತಾನೆಯೇ!

ಇನ್ನು ಗಾಡಿ. ಟ್ರಾವೆಲ್ ಅಸಿಸ್ಟೆನ್ಸಿನಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು ಎನಿಸುವುದು ‘ವಾಹನ ಮರಳಿಸುವ’ ಸೌಲಭ್ಯ. ಡ್ರೈವರ್ ಆಸ್ಪತ್ರೆಯಲ್ಲಿದ್ದು, ಜೊತೆಯಲ್ಲಿದ್ದ ಯಾರಿಗೂ ಓಡಿಸಲು ಆಗದಿದ್ದರೆ, ಕಂಪನಿ ಒಬ್ಬ ಡ್ರೈವರನ್ನು ಕಳಿಸಿ ಗಾಡಿಯನ್ನು ನಿಮ್ಮ ಮನೆಬಾಗಿಲಿಗೆ ತರಿಸುತ್ತದೆ. ಇದರಲ್ಲೂ ಮೊತ್ತದ ಮಿತಿ ಇರಬಹುದು. ಹಿಂದೆ ಕಟ್ಟಿಕೊಂಡು ಬಂದ ಕಾರನ್ನೂ ತರುತ್ತಾರೆಯೇ, ಟ್ರೇಲರ್ ಎಳೆಯುವ ಟ್ರಕ್ಕನ್ನೂ ಸೇರಿಸುತ್ತಾರೆಯೇ, ಒಂಟಿಯಾಗಿ ಉಳಿದ ಸಣ್ಣ ಮಕ್ಕಳನ್ನು ಜೊತೆಗೊಬ್ಬರನ್ನು ಕೊಟ್ಟು ಮನೆಗೆ ಕಳಿಸುತ್ತಾರೆಯೇ, ನಾಯಿಯ ಗತಿ ಏನು, ಎಲ್ಲವನ್ನೂ ಕೇಳಿ. ಗಾಡಿ ಕೆಟ್ಟು ನಿಂತಿದ್ದರೆ ಮಾತ್ರ ಈ ಸೌಲಭ್ಯ ಇಲ್ಲ, ಅದು ಓಡುವ ಸ್ಥಿತಿಯಲ್ಲಿರಬೇಕು.

ಕೆಟ್ಟರೆ ರೋಡ್‌ಸೈಡ್ ಸೇವೆ. ಕಾರಿಗೆಂದು ಎಎಎ ಎಂಬ ವಾಹನ ಚಾಲಕರ ಸಂಘದ ಕಾರ್ಡ್ ಇದೆಯಲ್ಲ ಎನ್ನುವವರು ಗಮನಿಸಿ: ಬಹುತೇಕ ಕಡೆ ಅದರ ಮೂಲ ಸದಸ್ಯತ್ವದಲ್ಲಿ ಆರ್‌ವಿ ಎಳೆಯುವುದು ಸೇರಿಲ್ಲ, ಅದಕ್ಕೆ ಆರ್‌ವಿ ಹೆಸರಿನ ಮೇಲಿನ ದರ್ಜೆ ಬೇಕು. ಮೂವತ್ತಡಿ ಗಾಡಿ ಎಳೆಯಲು ದೊಡ್ಡ ಟೋ ಟ್ರಕ್ಕೇ ಬೇಕು, ಕಾರು ಎತ್ತುವವನು ಬಂದು ನೋಡಿ ತಲೆ ಅಲ್ಲಾಡಿಸಿ ಹೋಗುತ್ತಾನೆ. ಡಾಂಬರು ಬಿಟ್ಟು ಮರಳಿನಲ್ಲಿ, ಸರ್ಕಾರಿ ಬಯಲಿನಲ್ಲಿ ಬೀಡುಬಿಟ್ಟಾಗ ಹೂತುಹೋದರೆ ಅನೇಕ ಪತ್ರಗಳು ಕೈಯೆತ್ತುತ್ತವೆ. ಟೈರಿನ ಮೇಲಿನ ಡಿಒಟಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿಕೊಳ್ಳಿ. 2319 ಎಂದಿದ್ದರೆ 2019ರ 23ನೆಯ ವಾರ ತಯಾರಾದದ್ದು. ಆರ್‌ವಿ ಟೈರು ಸವೆಯುವ ಮೊದಲೇ ವಯಸ್ಸಾಗಿ ಒಡೆಯುತ್ತದೆ.

ಗಡಿ ದಾಟುವವರಿಗೆ ಎರಡೇ ಮಾತು. ಕೆನಡಾದಲ್ಲಿ ಇಲ್ಲಿನ ವಾಹನ ವಿಮೆ ಸಾಮಾನ್ಯವಾಗಿ ನಡೆಯುತ್ತದೆ. ಮೆಕ್ಸಿಕೋದಲ್ಲಿ ನಡೆಯುವುದಿಲ್ಲ, ಅಲ್ಲಿನ ಕಂಪನಿಯ ವಿಮೆಯನ್ನೇ ಕೊಳ್ಳಬೇಕು. ಮೆಡಿಕೇರ್ ಕೆಲವು ಅಪವಾದ ಬಿಟ್ಟರೆ ಎರಡೂ ಕಡೆ ಇಲ್ಲ.

ಕೊನೆಗೆ, ಹೆಂಡತಿಗೋ ಗಂಡನಿಗೋ ಗಾಡಿ ಕಲಿಸಿ ಎಂದು ಹೇಳಿದರೆ ಎಲ್ಲರೂ ನಗುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ನಲವತ್ತಡಿಯವರೆಗಿನ ಮೋಟರ್‌ಹೋಮಿಗೆ ಕಾರಿನ ಮಾಮೂಲಿ ಕ್ಲಾಸ್ ಸಿ ಲೈಸೆನ್ಸೇ ಸಾಕು. ಭಾನುವಾರ ಬೆಳಿಗ್ಗೆ ಖಾಲಿ ಪಾರ್ಕಿಂಗ್ ಜಾಗದಲ್ಲಿ ಎರಡು ಮೂರು ಸುತ್ತು ಹೊಡೆದರೆ, ಆಸ್ಪತ್ರೆಯ ಹತ್ತಿರದ ಕ್ಯಾಂಪ್‌ಗ್ರೌಂಡಿನವರೆಗಾದರೂ ಗಾಡಿ ಸರಿಸಬಹುದು.

ಆರ್‌ವಿಯ ಫ್ರಿಜ್ ಬಾಗಿಲಿಗೆ ಒಂದು ಹಾಳೆ ಅಂಟಿಸಿ. ಅಸಿಸ್ಟೆನ್ಸ್ ನಂಬರು, ಸದಸ್ಯತ್ವ ಸಂಖ್ಯೆ, ಅಪ್ಪ ಅಮ್ಮನ ವಿಸಿಟರ್ ಪಾಲಿಸಿಯ ನಂಬರು, ಎಲ್ಲರ ಔಷಧಿಗಳ ಹೆಸರು ಇಂಗ್ಲಿಷಿನಲ್ಲಿ. ಯೆಲ್ಲೋಸ್ಟೋನ್ ಒಳಗೆ ಬಹಳ ಕಡೆ ಮೊಬೈಲ್ ಸಿಗ್ನಲ್ ಇಲ್ಲ, ಫೋನಿನಲ್ಲಿಟ್ಟ ಇಮೇಲ್ ತೆರೆಯುವುದಿಲ್ಲ. ಗಾಡಿಯ ಎತ್ತರವನ್ನೂ ಅಡಿ ಅಂಗುಲದಲ್ಲಿ ಬರೆದು ಸ್ಟಿಯರಿಂಗ್ ಮುಂದೆ ಅಂಟಿಸಿ. ಅದನ್ನು ಓಡಿಸಿಕೊಂಡು ಬರುವ ಅಪರಿಚಿತ ಡ್ರೈವರಿಗೆ, ದಾರಿಯ ಯಾವ ಸೇತುವೆ ಕೆಳಗೆ ನುಸುಳಬಹುದು ಎಂದು ತಿಳಿಯಬೇಕಲ್ಲ.