ಲ್ಯಾಪ್‌ಟಾಪ್ ಕಲ್ಲಾಗಿ ಕುಳಿತಾಗ

ಕಳೆದ ವೈಶಾಖದ ಒಂದು ಸಂಜೆ. ಮುಂಡರಗಿ ಕಡೆಯ ಹಿರಿಯರೊಬ್ಬರು ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತು, ಮಗಳ ಲಗ್ನಪತ್ರಿಕೆಗೆ ಒಂದೊಂದೇ ಹೆಸರು ಹೇಳಿ ಬರೆಸುತ್ತಿದ್ದರು. ‘ಸುಖಾಗಮನ ಬಯಸುವವರು’ ಎಂಬ ಸಾಲಿನ ಕೆಳಗೆ ನಲವತ್ತೊಂದು ಹೆಸರು. ಯಾರು ಯಾರಿಗಿಂತ ಮೊದಲು ಬರಬೇಕು, ಯಾವ ಬೀಗರನ್ನು ಯಾವ ಸಾಲಿಗೆ ಸೇರಿಸಬೇಕು ಎಂದು ಅವರು ಒಂದು ಗಂಟೆ ಯೋಚಿಸಿ ಯೋಚಿಸಿ ಹೇಳಿದ್ದರು. ಮೂವತ್ತೆಂಟನೆಯ ಹೆಸರಿಗೆ ಪರದೆ ನಿಂತುಬಿಟ್ಟಿತು. ಬಾಣ ಅಲುಗಲಿಲ್ಲ, ಅಕ್ಷರ ಮೂಡಲಿಲ್ಲ. ಕೊನೆಯ ಬಾರಿ ಸೇವ್ ಮಾಡಿದ್ದು ಹನ್ನೆರಡನೆಯ ಹೆಸರಿನ ಹೊತ್ತಿಗೆ.

ನನ್ನಲ್ಲಿ ಕೆಲಸ ಕಲಿಯುತ್ತಿರುವ ಹುಡುಗಿ, ‘ಅಕ್ಕಾ, ಬಟನ್ ಒತ್ತಿ ಹಿಡಿಯಲೇ?’ ಎಂದು ಕೈ ಚಾಚಿದಳು. ‘ತಡೆಯವ್ವಾ, ಮೊದಲು ಮೊಬೈಲ್ ಕೊಡು’ ಎಂದೆ.

ಬೆಟಗೇರಿಯಲ್ಲಿ ಡಿಟಿಪಿ ಕೆಲಸ ಹಿಡಿದು ಹದಿನಾಲ್ಕು ವರ್ಷವಾಯಿತು. ಗದಗಿನ ಮುದ್ರಣಾಲಯಗಳಿಗೆ ಹೋಗುವ ಪತ್ರಿಕೆ, ಕರಪತ್ರ, ಜಾತ್ರೆಯ ಭಿತ್ತಿಪತ್ರಗಳು ನನ್ನ ಕೈಯಲ್ಲಿ ಜೋಡಣೆಯಾಗುತ್ತವೆ. ಈ ಅವಧಿಯಲ್ಲಿ ಮೂರು ಲ್ಯಾಪ್‌ಟಾಪ್‌ಗಳನ್ನು ಕಂಡಿದ್ದೇನೆ. ಮೂರೂ ಒಂದಲ್ಲ ಒಂದು ದಿನ ಹೀಗೆ ಕಲ್ಲಾಗಿ ಕುಳಿತಿವೆ. ಹಾಗಾದಾಗ ಎಲ್ಲರ ಕೈಯೂ ಮೊದಲು ಹೋಗುವುದು ಪವರ್ ಬಟನ್ನಿಗೆ. ಅದು ಕೊನೆಯ ಉಪಾಯ. ಅದಕ್ಕಿಂತ ಮೊದಲು ಮಾಡಬೇಕಾದ ಕೆಲಸಗಳಿವೆ. ನಾನು ಮಾಡುವ ಕ್ರಮದಲ್ಲಿಯೇ ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು ಪರದೆಯ ಫೋಟೊ ತೆಗೆಯಿರಿ. ಯಂತ್ರ ನಿಂತಿದ್ದರೂ ಪರದೆಯ ಮೇಲಿನ ಅಕ್ಷರಗಳು ಕಾಣುತ್ತಿರುತ್ತವೆ. ದೀಪದ ಬೆಳಕು ಪರದೆಗೆ ಬಡಿಯದಂತೆ ಮೊಬೈಲನ್ನು ನೇರವಾಗಿ ಹಿಡಿದು, ಭಾಗ ಭಾಗವಾಗಿ ನಾಲ್ಕು ಚಿತ್ರ ತೆಗೆಯಿರಿ, ಓದಲು ಬರುತ್ತದೆಯೇ ಎಂದು ಹಿಗ್ಗಿಸಿ ನೋಡಿ. ಅಂದು ನನಗೆ ಮೂವತ್ತೆಂಟು ಹೆಸರುಗಳೂ ಚಿತ್ರದಲ್ಲಿ ಸಿಕ್ಕವು. ಆಮೇಲೆ ಏನಾದರೂ ಆಗಲಿ, ಆ ಹಿರಿಯರಿಂದ ಮತ್ತೆ ಮೊದಲಿನಿಂದ ಹೇಳಿಸುವ ಪ್ರಸಂಗ ಇಲ್ಲ ಎಂಬ ಧೈರ್ಯ ಬಂದರೆ ಉಳಿದ ಕೆಲಸಕ್ಕೆ ಕೈ ನಡುಗುವುದಿಲ್ಲ.

ನಂತರ ಕ್ಯಾಪ್ಸ್ ಲಾಕ್ ಕೀ ಒತ್ತಿ, ಅದರ ಪುಟ್ಟ ದೀಪವನ್ನು ನೋಡಿ. ಒತ್ತಿದಂತೆಲ್ಲ ದೀಪ ಹತ್ತಿ ಆರುತ್ತಿದ್ದರೆ ಒಳಗೆ ಜೀವ ಇದೆ. ಒಂದು ತಂತ್ರಾಂಶವೋ ಪರದೆಯೋ ಮಾತ್ರ ಸಿಕ್ಕಿಹಾಕಿಕೊಂಡಿದೆ ಎಂದು ತಿಳಿಯಬಹುದು. ದೀಪ ಅಲ್ಲಾಡದಿದ್ದರೆ ಯಂತ್ರ ಬುಡಸಮೇತ ನಿಂತಿರುವ ಸಾಧ್ಯತೆ ಹೆಚ್ಚು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಈ ದೀಪವೇ ಇರುವುದಿಲ್ಲ. ಆಗ ಹೊರಗಿನ ಕೀಬೋರ್ಡ್ ಜೋಡಿಸಿ, ಅದರ ನಮ್ ಲಾಕ್ ದೀಪ ನೋಡಬಹುದು.

ಜೀವ ಇದ್ದರೆ ಐದು ನಿಮಿಷ ಸುಮ್ಮನೆ ಬಿಡಿ. ಹತ್ತು ಬಾರಿ ಕ್ಲಿಕ್ ಮಾಡಿದರೆ ಆ ಹತ್ತೂ ಸರದಿಯಲ್ಲಿ ನಿಂತು ಹೊರೆ ಹೆಚ್ಚುತ್ತದೆ. ಪರದೆಯ ಮೇಲೆ ಅಪ್‌ಡೇಟ್ ನಡೆಯುತ್ತಿದೆ, ಆಫ್ ಮಾಡಬೇಡಿ ಎಂಬ ಸೂಚನೆ ಇದ್ದರಂತೂ ಚಾರ್ಜರ್ ಹಾಕಿ ಬೇರೆ ಕೆಲಸ ನೋಡಿಕೊಳ್ಳಿ. ಗಂಟೆ ಹಿಡಿದರೂ ಹಿಡಿಯಲಿ. ನಡುವೆ ಕತ್ತರಿಸಿದರೆ ಮರುದಿನ ವಿಂಡೋಸ್ ಏಳದೇ ಹೋಗಬಹುದು.

ಕಾದರೂ ಅಲುಗದಿದ್ದರೆ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದು ‘ಬಿ’ ಒತ್ತಿ. ಸಾಮಾನ್ಯವಾಗಿ ಒಂದು ಬೀಪ್ ಕೇಳಿ, ಪರದೆ ಕ್ಷಣ ಕಪ್ಪಾಗಿ ಮರಳುತ್ತದೆ. ಚಿತ್ರ ಮೂಡಿಸುವ ಗ್ರಾಫಿಕ್ಸ್ ಚಾಲಕ ಮಾತ್ರ ಇದರಿಂದ ಹೊಸದಾಗಿ ಶುರುವಾಗುತ್ತದೆ. ನಿಮ್ಮ ಕಡತಗಳು ತೆರೆದೇ ಇರುತ್ತವೆ. ಇಷ್ಟು ಸಾಧುವಾದ ಉಪಾಯ ಬಹಳ ಜನಕ್ಕೆ ಗೊತ್ತಿಲ್ಲ ಎಂಬುದು ನನಗೆ ಬೇಸರದ ಸಂಗತಿ.

ಅಂದು ಬೀಪ್ ಕೇಳಿಸಿತು, ಪರದೆ ಮಾತ್ರ ಹಾಗೆಯೇ ಇತ್ತು. ಆಗ ಕಣ್ಣು ಪೆನ್‌ಡ್ರೈವ್ ಮೇಲೆ ಬಿತ್ತು. ಪತ್ರಿಕೆಯ ಮೇಲೆ ಹಾಕಲೆಂದು ಹಿರಿಯರು ಮನೆದೇವರು ವೀರಭದ್ರನ ಚಿತ್ರವನ್ನು ಅದರಲ್ಲಿ ತಂದಿದ್ದರು. ಲೋಹದ ತುದಿ ತುಸು ಓರೆಯಾಗಿತ್ತು, ಮುಟ್ಟಿದರೆ ಬೆರಳು ಹಿಂದಕ್ಕೆ ಬರುವಷ್ಟು ಬಿಸಿ. ಸಾಮಾನ್ಯವಾಗಿ ಪೆನ್‌ಡ್ರೈವನ್ನು ಹೀಗೆ ಹಠಾತ್ತನೆ ಕೀಳಬಾರದು, ಒಳಗಿನ ಕಡತ ಕೆಡಬಹುದು. ಚಿತ್ರದ ಪ್ರತಿ ಅವರ ಮಗನ ಮೊಬೈಲಿನಲ್ಲಿ ಇದೆಯೆಂದು ಕೇಳಿ ತಿಳಿದುಕೊಂಡು ಕಿತ್ತೆ. ಅರ್ಧ ನಿಮಿಷದಲ್ಲಿ ಬಾಣ ಅಲುಗಿತು. ಓದಲಾಗದ ಪೆನ್‌ಡ್ರೈವಿನಿಂದ ಉತ್ತರ ಬರಲಿ ಎಂದು ಯಂತ್ರ ಕಾಯುತ್ತಲೇ ಕುಳಿತಿತ್ತು. ಆದ್ದರಿಂದ ಪೆನ್‌ಡ್ರೈವ್, ಕಾರ್ಡ್ ರೀಡರ್, ಪ್ರಿಂಟರಿನ ಕೇಬಲ್ ಎಲ್ಲವನ್ನೂ ಒಂದೊಂದಾಗಿ ತೆಗೆದು ನೋಡುವುದನ್ನು ಮರೆಯಬೇಡಿ.

ಅದರಿಂದಲೂ ಆಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ‘ನಾಟ್ ರೆಸ್ಪಾಂಡಿಂಗ್’ ಎಂದು ತೋರಿಸುವ ತಂತ್ರಾಂಶವನ್ನು ಆರಿಸಿ ‘ಎಂಡ್ ಟಾಸ್ಕ್’ ಕೊಡಬೇಕು. ಅದರಲ್ಲಿ ಸೇವ್ ಆಗದೆ ಉಳಿದದ್ದು ಹೋಗುತ್ತದೆ, ಹಾಗಾಗಿ ಅದೊಂದನ್ನೇ ಮುಚ್ಚಿ. ಅದಕ್ಕೂ ಮೊದಲು ಆಲ್ಟ್ ಮತ್ತು ಟ್ಯಾಬ್ ಒತ್ತಿ ಬೇರೆ ಕಿಟಕಿಗಳಿಗೆ ಹೋಗಲು ಬಂದರೆ ಅಲ್ಲಿಯ ಕೆಲಸ ಸೇವ್ ಮಾಡಿಕೊಳ್ಳಿ. ಪರದೆಯ ತಳದಲ್ಲಿರುವ ಟಾಸ್ಕ್‌ಬಾರ್ ಪಟ್ಟಿಯೇ ನಿಂತಿದ್ದರೆ ‘ವಿಂಡೋಸ್ ಎಕ್ಸ್‌ಪ್ಲೋರರ್’ ಆರಿಸಿ ರೀಸ್ಟಾರ್ಟ್ ಕೊಟ್ಟರೆ ಸಾಕು.

ಟಾಸ್ಕ್ ಮ್ಯಾನೇಜರ್ ಬಾರದಿದ್ದರೆ ಕಂಟ್ರೋಲ್, ಆಲ್ಟ್, ಡಿಲೀಟ್. ಬರುವ ಪರದೆಯ ಬಲಗಡೆ ಕೆಳಗೆ ಪವರ್ ಚಿಹ್ನೆ ಇರುತ್ತದೆ. ಕಂಟ್ರೋಲ್ ಕೀಯನ್ನು ಒತ್ತಿ ಹಿಡಿದೇ ಅದನ್ನು ಕ್ಲಿಕ್ ಮಾಡಿದರೆ ತುರ್ತು ರೀಸ್ಟಾರ್ಟ್ ಬೇಕೇ ಎಂದು ಕೇಳುತ್ತದೆ. ಇಲ್ಲಿಯೂ ಸೇವ್ ಆಗದ ಕೆಲಸ ಉಳಿಯುವುದಿಲ್ಲ.

ಹೆಸರುಗಳು ಮುಗಿದು ಹಿರಿಯರು ಕೊನೆಯ ಬಸ್ಸಿಗೆ ಹೊರಟ ಮೇಲೆ ಎರಡನೆಯ ತೊಂದರೆ ಶುರುವಾಯಿತು. ಶಟ್‌ಡೌನ್ ಕೊಟ್ಟೆ, ಚುಕ್ಕಿಗಳು ಸುತ್ತುತ್ತಲೇ ಇದ್ದವು. ಇಪ್ಪತ್ತು ನಿಮಿಷ ಕಾದೆ. ಕ್ಯಾಪ್ಸ್ ಲಾಕ್ ದೀಪವೂ ಸತ್ತಿತ್ತು. ಆಗ ಪವರ್ ಬಟನ್ ಒತ್ತಿ ಹಿಡಿದೆ.

ಇದನ್ನು ಮಾಡುವ ರೀತಿ ಇದೆ. ಒಮ್ಮೆ ಒತ್ತಿ ಬಿಟ್ಟರೆ ಅದು ವಿಂಡೋಸ್‌ಗೆ ಕಳಿಸುವ ಕೋರಿಕೆ. ವಿಂಡೋಸ್ ನಿಂತಿದ್ದರೆ ಕೇಳುವವರಿಲ್ಲ. ಒತ್ತಿ ಹಿಡಿದರೆ ವಿಂಡೋಸ್‌ನ ಒಪ್ಪಿಗೆ ಕೇಳದೆ ಯಂತ್ರವೇ ವಿದ್ಯುತ್ ಕಡಿಯುತ್ತದೆ. ನಿಯಮದ ಪ್ರಕಾರ ಇದಕ್ಕೆ 4 ಸೆಕೆಂಡ್ ಸಾಕು, ಆದರೆ ಕೆಲವು ಯಂತ್ರಗಳು ಹೆಚ್ಚು ಹೊತ್ತು ಕೇಳುತ್ತವೆ. ಮನಸ್ಸಿನಲ್ಲಿ ಹದಿನೈದರವರೆಗೆ ಎಣಿಸಿ, ದೀಪ ಆರಿ ಫ್ಯಾನ್ ಸದ್ದು ನಿಲ್ಲುವವರೆಗೆ ಬೆರಳು ತೆಗೆಯಬೇಡಿ. ಮತ್ತೆ ಹಚ್ಚುವ ಮುನ್ನ ಅರ್ಧ ನಿಮಿಷ ಬಿಡಿ.

ಅದಕ್ಕೂ ಬಗ್ಗದಿದ್ದರೆ ಚಾರ್ಜರ್ ತೆಗೆಯಿರಿ. ಹಳೆಯ ಮಾದರಿಯಾದರೆ ಬ್ಯಾಟರಿಯನ್ನೂ ಹೊರಗೆ ತೆಗೆದು, ಬಟನ್ನನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಬ್ಯಾಟರಿ ಒಳಗೇ ಇರುವ ಕೆಲವು ಲ್ಯಾಪ್‌ಟಾಪ್‌ಗಳ ತಳದಲ್ಲಿ ಸೂಜಿ ಹೋಗುವಷ್ಟು ರೀಸೆಟ್ ರಂಧ್ರ ಇರುತ್ತದೆ. ಪಕ್ಕದಲ್ಲಿ ಬ್ಯಾಟರಿಯ ಗುರುತು ಇದೆಯೇ ಎಂದು ನೋಡಿಯೇ ಪಿನ್ ಹಾಕಿ, ಮೈಕಿನ ರಂಧ್ರಕ್ಕೆ ಚುಚ್ಚಬೇಡಿ. ಅದೂ ಇಲ್ಲವಾದರೆ ಬ್ಯಾಟರಿ ಮುಗಿದು ತಾನೇ ಆರುವವರೆಗೆ ಗಟ್ಟಿ ಮೇಜಿನ ಮೇಲಿಡಿ. ಹಾಸಿಗೆಯ ಮೇಲೆ, ಬ್ಯಾಗಿನೊಳಗೆ ಇಡಬಾರದು, ಕಾವು ಏರುತ್ತದೆ. ತಳ ಉಬ್ಬಿದಂತೆ ಕಂಡರೆ ಚಾರ್ಜರ್ ಹಾಕಲೇಬೇಡಿ, ರಿಪೇರಿಯವರಿಗೆ ಒಪ್ಪಿಸಿ.

ಮರುದಿನ ಕಾರಣ ಹುಡುಕಿದೆ. ಪ್ರಿಂಟರಿನ ಸರದಿಯಲ್ಲಿ ಹಿಂದಿನ ದಿನದ ಒಂದು ಪುಟ ಸಿಕ್ಕಿಕೊಂಡಿತ್ತು. ಅದನ್ನು ರದ್ದು ಮಾಡಿದೆ. ಫಾಸ್ಟ್ ಸ್ಟಾರ್ಟಪ್ ಕೂಡ ಚಾಲೂ ಇತ್ತು. 2012ರ ವಿಂಡೋಸ್ 8ರಿಂದ ಬಂದಿರುವ ಈ ವ್ಯವಸ್ಥೆಯಲ್ಲಿ ಶಟ್‌ಡೌನ್ ಎಂದರೆ ಪೂರ್ತಿ ಆರುವುದಲ್ಲ. ವಿಂಡೋಸ್ ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ನಿನ್ನೆಯ ತೊಡಕು ಇಂದಿಗೂ ಉಳಿಯುವುದು ಹೀಗೆ. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಎಲ್ಲವೂ ಹೊಸದಾಗಿ ಶುರುವಾಗುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಎಡಬದಿಯಲ್ಲಿ ಪವರ್ ಬಟನ್ನಿನ ಕೆಲಸ ಆರಿಸುವ ಸಾಲನ್ನು ತೆರೆದು, ಫಾಸ್ಟ್ ಸ್ಟಾರ್ಟಪ್‌ನ ಗುರುತು ತೆಗೆದೆ. ಗುರುತು ಮಂಕಾಗಿದ್ದರೆ ಮೇಲೆ ಸೆಟಿಂಗ್ ಬದಲಿಸುವ ಇನ್ನೊಂದು ಸಾಲಿದೆ, ಅದನ್ನು ಮೊದಲು ಒತ್ತಬೇಕು. ಬಲವಂತವಾಗಿ ಆಫ್ ಮಾಡಿದ್ದರಿಂದ, ಡಿಸ್ಕಿನಲ್ಲಿ ದೋಷವಿದೆಯೇ ಎಂದು ನೋಡಲು ಸಿ ಡ್ರೈವ್‌ನ ಪ್ರಾಪರ್ಟೀಸ್, ಟೂಲ್ಸ್‌ಗೆ ಹೋಗಿ ಚೆಕ್ ಕೂಡ ಕೊಟ್ಟೆ.

ತಳದ ಮುಚ್ಚಳ ಬಿಚ್ಚಿಸಿದಾಗ ಕಂಡದ್ದು ಮನಸ್ಸಿಗೆ ನಾಟಿತು. ನನ್ನ ಅಂಗಡಿಯ ಗೋಡೆಯಾಚೆ ಮಗ್ಗಗಳು ನಡೆಯುತ್ತವೆ. ಗಾಳಿ ಹೊರಹೋಗುವ ಜಾಲರಿಗೆ ನೂಲಿನ ಎಳೆ, ಹತ್ತಿಯ ಧೂಳು ಸೇರಿ ಬೂದು ಕಂಬಳಿಯ ತುಂಡಿನಂತೆ ಹೆಣೆದುಕೊಂಡಿತ್ತು, ಚಿಮುಟದಿಂದ ಹಿಡಿದು ಎಳೆದರೆ ಪಟ್ಟಿಯಾಗಿಯೇ ಬಂತು. ಕಾವು ಹೊರಹೋಗದಿದ್ದರೆ ಯಂತ್ರ ನಿಧಾನವಾಗುತ್ತದೆ, ಕೊನೆಗೆ ನಿಲ್ಲುತ್ತದೆ. ಈಗ ಯುಗಾದಿಗೆ ಮುಂಚೆ ಒಮ್ಮೆ, ಖಂಡೇಪೂಜೆಗೆ ಮುಂಚೆ ಒಮ್ಮೆ ತಪ್ಪದೆ ಸ್ವಚ್ಛ ಮಾಡಿಸುತ್ತೇನೆ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಗೆ ಕಡ್ಡಿ ಅಡ್ಡ ಇಟ್ಟುಕೊಳ್ಳಬೇಕು, ಗಾಳಿಯ ರಭಸಕ್ಕೆ ಅದು ಗಿರ್ರನೆ ತಿರುಗಬಾರದು.

ಮೇಲಿಂದ ಮೇಲೆ ಹೀಗಾಗುತ್ತಿದ್ದರೆ ಮೊದಲು ಕಡತಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿ, ನಂತರ ರಿಪೇರಿಗೆ ಒಯ್ಯಿರಿ. ಒಯ್ಯುವಾಗ ಒಂದು ಚೀಟಿ ಜೊತೆಗಿರಲಿ: ಎಷ್ಟು ಗಂಟೆಗೆ ನಿಂತಿತು, ಏನೇನು ಜೋಡಿಸಿತ್ತು, ಕ್ಯಾಪ್ಸ್ ಲಾಕ್ ದೀಪ ಹತ್ತುತ್ತಿತ್ತೇ ಇಲ್ಲವೇ, ತಳ ಬಿಸಿಯಾಗಿತ್ತೇ. ಕೆಲಸ ಕಲಿಯುವ ಹುಡುಗಿ ಈಗ ಈ ಚೀಟಿಯನ್ನು ನಾನು ಹೇಳದೆಯೇ ಬರೆದಿಡುತ್ತಾಳೆ.