ಕನ್ನಡ ಓದಲು ಬಾರದ ಮನೆಯಲ್ಲಿ ಕಾದಂಬರಿ

ನನ್ನ ಇಬ್ಬರು ಮಕ್ಕಳಿಗೂ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋದವರು. ಹಿಂದಿ, ಮರಾಠಿ ಶಾಲೆಯಲ್ಲೇ ಬಂತು. ಮಹಾರಾಷ್ಟ್ರದಲ್ಲಿ 2020ರ ಕಾಯ್ದೆಯ ಮೇಲಂತೂ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ಅದರ ಮೇಲೆ ಇನ್ನೊಂದು ಲಿಪಿ ಹೇರಲು ನಮಗೆ ಮನಸ್ಸಾಗಲಿಲ್ಲ. ದಾರಿ ಇರಲಿಲ್ಲವೆಂದಲ್ಲ. ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಗಳಿವೆ, ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ನಮ್ಮ ಹಿಂದಿನ ತಲೆಮಾರಿನ ಹೋಟೆಲ್ ಹುಡುಗರು ಹಗಲೆಲ್ಲ ತಟ್ಟೆ ಎತ್ತಿ, ರಾತ್ರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿ ಗುಮಾಸ್ತರಾದರು, ವಕೀಲರಾದರು. ಆ ದಾರಿ ಹಿಡಿಯುವವರು ನಮ್ಮ ಕಾಲಕ್ಕೆ ಕಡಿಮೆಯಾದರು. ನಾವೂ ಹಿಡಿಯಲಿಲ್ಲ. ಹಾಗಾಗಿ ನಾನು ಬರೆದ ಕಾದಂಬರಿಗಳು ಕಪಾಟಿನಲ್ಲಿ ಸಾಲಾಗಿ ನಿಂತಿವೆ. ಮನೆಯಲ್ಲಿ ಅವನ್ನು ಓದಬಲ್ಲವರು ನಾನು, ನನ್ನ ಗಂಡ. ಗಂಡ ಓದುವುದು ಪೇಪರ್ ಮಾತ್ರ.

ಇದನ್ನು ಕೇಳಿದವರು ‘ಅಯ್ಯೋ ಪಾಪ’ ಅನ್ನುತ್ತಾರೆ. ಪಾಪ ಅನ್ನಿಸಿಕೊಳ್ಳುವಂಥದ್ದು ಇದರಲ್ಲಿ ಏನೂ ಇಲ್ಲ. ನನ್ನ ಬರವಣಿಗೆ ಸ್ವಲ್ಪವಾದರೂ ಸುಧಾರಿಸಿದ್ದರೆ ಅದು ಮಕ್ಕಳಿಗೆ ಓದಲು ಬಾರದ್ದರಿಂದಲೇ. ಹೇಗೆಂದು ಹೇಳುವ ಮೊದಲು, ಬರೆಯಲು ಹೊತ್ತು ಎಲ್ಲಿಂದ ಬಂತು ಅನ್ನುವುದನ್ನು ಹೇಳಿಬಿಡುತ್ತೇನೆ. ಎಲ್ಲ ಸಭೆಯಲ್ಲೂ ಮೊದಲು ಕೇಳುವ ಪ್ರಶ್ನೆ ಅದೇ.

ನೌಕರಿ ಮುಂಬಯಿಯ ಫೋರ್ಟ್ ಪ್ರದೇಶದ ವಿಮಾ ಕಚೇರಿಯೊಂದರಲ್ಲಿ. ಬೆಳಿಗ್ಗೆ ಡೊಂಬಿವಲಿಯಲ್ಲಿ ಲೋಕಲ್ ಹತ್ತುವುದೆಂದರೆ ನಿಂತುಕೊಂಡೇ ಹೋಗುವುದು. ಕೈ ಎತ್ತಿದರೆ ಇಳಿಸಲು ಜಾಗವಿಲ್ಲ, ಬರೆಯುವ ಮಾತು ದೂರ. ಸಂಜೆಯ ಕತೆ ಬೇರೆ. ವಿಟಿಯಲ್ಲಿ, ಅಂದರೆ ಈಗಿನ ಸಿಎಸ್‌ಎಂಟಿ ಸ್ಟೇಷನ್ನಿನಲ್ಲಿ, ಗಾಡಿ ಖಾಲಿಯಾಗಿ ನಿಂತಿರುತ್ತದೆ. ಎಲ್ಲರೂ ಫಾಸ್ಟ್ ಹಿಡಿಯಲು ಓಡುವಾಗ ನಾನು ಸ್ಲೋ ಹತ್ತಿ ಕಿಟಕಿ ಪಕ್ಕ ಕೂರುತ್ತೇನೆ. ಒಂದೂಕಾಲು ಗಂಟೆ. ದಾದರಿನಲ್ಲಿ ಜನ ನುಗ್ಗುತ್ತಾರೆ, ಕುರ್ಲಾದ ಹೊತ್ತಿಗೆ ಮೂವರ ಬೆಂಚಿನಲ್ಲಿ ನಾಲ್ಕನೆಯವಳು ಅಂಚಿಗೆ ಕೂತಿರುತ್ತಾಳೆ, ಎದುರಿನವಳು ಪ್ಲಾಸ್ಟಿಕ್ ಚೀಲದಲ್ಲಿ ಬಟಾಣಿ ಸುಲಿಯುತ್ತಿರುತ್ತಾಳೆ. ಪರ್ಸಿನ ಮೇಲೆ ನೋಟುಬುಕ್ಕು ಇಟ್ಟು ಬರೆಯುತ್ತಿದ್ದೆ. ಈಗ ಮೊಬೈಲಿನಲ್ಲೇ ಟೈಪಿಸುತ್ತೇನೆ. ಎಷ್ಟೋ ವರ್ಷ ಜೊತೆಗೆ ಕೂತ ಮರಾಠಿ ಗೆಳತಿಯರು ನಾನು ಕಚೇರಿ ಕೆಲಸ ಮನೆಗೆ ಒಯ್ಯುತ್ತೇನೆ ಅಂದುಕೊಂಡಿದ್ದರು.

ಗದ್ದಲದಲ್ಲಿ ಎಲ್ಲವೂ ಆಗುವುದಿಲ್ಲ. ಮಾತುಕತೆ ಬರೆಯಲು ಲೋಕಲ್‌ನಷ್ಟು ಒಳ್ಳೆಯ ಜಾಗ ಇಲ್ಲ, ಸುತ್ತ ಮಾತೇ ಇರುತ್ತದೆ. ಆದರೆ ಕತೆಯ ಹಂದರ ಹಾಕುವುದು, ಯಾವ ಅಧ್ಯಾಯ ಹಿಂದೆ, ಯಾವುದು ಮುಂದೆ ಅನ್ನುವುದು ಅಲ್ಲಿ ಸಾಧ್ಯವಿಲ್ಲ. ಅದಕ್ಕೆ ರಜೆಯ ದಿನ ಮೇಜೇ ಬೇಕು, ಬಾಗಿಲೂ ಹಾಕಿರಬೇಕು. ಇದು ಅರ್ಥವಾದ ಮೇಲೆ ಹೊತ್ತು ಸಿಗಲಿಲ್ಲ ಅನ್ನುವ ಗೊಣಗಾಟ ನಿಂತಿತು. ಯಾವ ಹೊತ್ತಿಗೆ ಯಾವ ಕೆಲಸ ಅಂತ ಹಂಚಿದರೆ ಸಾಕು. 2020ರ ಮಾರ್ಚ್‌ನಲ್ಲಿ ಲೋಕಲ್ ನಿಂತಾಗ ಊರೆಲ್ಲ ‘ಬರೆಯಲು ಒಳ್ಳೆಯ ಸಮಯ’ ಅಂದಿತು. ಒಂದೂವರೆ ಕೋಣೆಯ ಮನೆಯಲ್ಲಿ ಇಬ್ಬರ ಆನ್‌ಲೈನ್ ಪಾಠ, ಹೋಟೆಲ್ ಮುಚ್ಚಿ ಮನೆಯಲ್ಲೇ ಕೂತ ಗಂಡ. ಒಂದು ಅಧ್ಯಾಯವೂ ಮುಂದೆ ಹೋಗಲಿಲ್ಲ.

ಮುಂಬಯಿಯ ಕನ್ನಡ ಲೇಖಕರ ಮಾತು ಬಂದಾಗ ಯಶವಂತ ಚಿತ್ತಾಲರ ಹೆಸರು ಬಂದೇ ಬರುತ್ತದೆ. ರಾಸಾಯನಿಕ ಉದ್ಯಮದಲ್ಲಿ ದೊಡ್ಡ ಹುದ್ದೆ, ಬಾಂದ್ರಾದಲ್ಲಿ ಸಮುದ್ರದೆದುರಿನ ಮನೆ, ಆ ನಡುವೆ ಅಂಥ ಬರವಣಿಗೆ. ‘ನೌಕರಿ ಮಾಡಿಕೊಂಡೇ ಅವರು ಬರೆಯಲಿಲ್ಲವೇ?’ ಎಂದು ನನಗೆ ಉಪದೇಶ ಮಾಡುವವರಿದ್ದಾರೆ. ಚಿತ್ತಾಲರ ಬಗ್ಗೆ ನನಗೆ ಬಹಳ ಗೌರವ. ಉಪದೇಶ ಮಾಡುವವರು ಮಾತ್ರ ರಾತ್ರಿ ಹತ್ತರ ಹೊತ್ತಿಗೆ ನಮ್ಮ ಮನೆಯ ಸಿಂಕ್ ಒಮ್ಮೆ ನೋಡಿಹೋಗಲಿ.

ಈಗ ಓದಿ ಹೇಳುವ ವಿಷಯ. ಮಕ್ಕಳು ಚಿಕ್ಕವರಿದ್ದಾಗ ಮಲಗಿಸುವ ಹೊತ್ತಿಗೆ ಕತೆ ಬೇಕಿತ್ತು, ನನಗೆ ಬರೆದದ್ದನ್ನು ತಿದ್ದಬೇಕಿತ್ತು. ಎರಡನ್ನೂ ಒಂದೇ ಮಾಡಿಬಿಟ್ಟೆ. ಮಕ್ಕಳಿಗೆ ಆಗದ ಭಾಗ ಬಿಟ್ಟು, ಉಳಿದದ್ದನ್ನು ಗಟ್ಟಿಯಾಗಿ ಓದುವುದು. ಕುಂದಾಪುರದ ಕಡೆಯವರು ನಾವು. ಮನೆಯ ಮಾತು ಆ ಕನ್ನಡ. ಪುಸ್ತಕದ ಕನ್ನಡ ಮಕ್ಕಳಿಗೆ ಕೇಳಿ ಗೊತ್ತು ಅಷ್ಟೇ. ಅಕ್ಷರ ಕಲಿತವರು ಅಚ್ಚಾದದ್ದನ್ನೆಲ್ಲ ಒಪ್ಪಿಕೊಂಡುಬಿಡುತ್ತಾರೆ. ಇವರಿಗೆ ಆ ಭಯಭಕ್ತಿ ಇಲ್ಲ. ಬಾಯಲ್ಲಿ ಬಾರದ ಮಾತು ಕಿವಿಗೆ ಬಿದ್ದ ಕೂಡಲೇ ಮುಖ ಸಿಂಡರಿಸುತ್ತಿದ್ದರು.

ಒಂದು ಕಾದಂಬರಿಯಲ್ಲಿ ಊರಿನಲ್ಲಿರುವ ಮುದುಕಿ ಮುಂಬಯಿಯ ಮಗನಿಗೆ ಫೋನ್ ಮಾಡುವ ಪ್ರಸಂಗ ಇತ್ತು. ‘ನೀನು ಬರುವ ಹೊತ್ತಿಗೆ ನಾನು ಇರುತ್ತೇನೋ ಇಲ್ಲವೋ, ಯಾರು ಬಲ್ಲರು’ ಎಂದು ಬರೆದಿದ್ದೆ. ಬರೆಯುವಾಗ ನನ್ನ ಕಣ್ಣಲ್ಲೇ ನೀರು ಬಂದಿತ್ತು. ಮಗಳು ಹಾಸಿಗೆಯಿಂದ ಎದ್ದು ಕೂತು, ‘ಅಮ್ಮ, ಹೀಂಗ್ ಯಾರ್ ಮಾತಾಡ್ತ್ರ್? ಅಜ್ಜಿ ಕೇಳೂದು ಟಿಕೆಟ್ ಆಯ್ತಾ ಅಂತ, ಅಷ್ಟೇ’ ಅಂದಳು. ಹೌದಲ್ಲ! ನಮ್ಮ ಅತ್ತೆಗೆ ಎಷ್ಟೇ ಹುಷಾರಿಲ್ಲದಿದ್ದರೂ ಅವರು ಫೋನಿನಲ್ಲಿ ಕೇಳುವುದು ಮತ್ಸ್ಯಗಂಧ ರೈಲಿನ ಟಿಕೆಟ್ ಆಯಿತೇ, ವೇಟಿಂಗೇ, ಅದನ್ನೇ. ಸಾವಿನ ಮಾತೆಲ್ಲ ಹೊಡೆದುಹಾಕಿದೆ. ಮುದುಕಿ ಟಿಕೆಟ್ಟಿನ ವಿಷಯ ಎರಡು ಸಲ ಕೇಳಿ ಫೋನ್ ಇಡುತ್ತಾಳೆ. ಆ ಕಾದಂಬರಿಯ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಫೋನಿನ ಬಗ್ಗೆಯೇ.

ಮಗನ ಕ್ಷೇತ್ರ ಬೀದಿ. ನನ್ನ ರಿಕ್ಷಾ ಚಾಲಕ ‘ನೀವು ಎಲ್ಲಿಗೆ ಹೋಗಬೇಕು?’ ಎಂದು ಕೇಳಿದಾಗ ಅವನಿಗೆ ನಗು ತಡೆಯಲಾಗಲಿಲ್ಲ. ‘ಕಿಧರ್ ಜಾನೇಕಾ’ ಅಂತ ಬರಿ ಅಂದ. ಹಾಗೆಂದು ಪುಟವಿಡೀ ಬಂಬಯ್ಯಾ ಹಿಂದಿ ತುಂಬಿದರೆ ಧಾರವಾಡದ ಓದುಗ ಪುಸ್ತಕ ಮುಚ್ಚಿಡುತ್ತಾನೆ. ಪಾತ್ರದ ಬಾಯಿಂದ ಬರುವ ಮೊದಲ ಮಾತು ಅವರದೇ ಭಾಷೆಯಲ್ಲಿ, ಆಮೇಲೆ ಸರಳ ಕನ್ನಡ. ನಾನು ಇಟ್ಟುಕೊಂಡ ಪದ್ಧತಿ ಇದು, ಈವರೆಗೆ ಕೈಕೊಟ್ಟಿಲ್ಲ.

ಮಗಳು ದೊಡ್ಡವಳಾದ ಮೇಲೆ ಒಂದು ಷರತ್ತೂ ಬಂತು. ಅವಳ ಗೆಳತಿಯರು, ಅವಳ ಜಗಳಗಳು, ಅವಳು ನನ್ನ ಹತ್ತಿರ ಹೇಳಿಕೊಂಡದ್ದು ಯಾವುದೂ ಕತೆಯಲ್ಲಿ ಬರಕೂಡದು. ವೇಷ ಬದಲಿಸಿದರೂ ಗುರುತು ಹಿಡಿಯುತ್ತೇನೆ ಅಂದಳು. ಒಪ್ಪಿಕೊಂಡೆ. ನಷ್ಟ ಆಗಿದೆ, ಸುಳ್ಳು ಹೇಳುವುದಿಲ್ಲ. ಬಹಳ ಒಳ್ಳೆಯ ಸಾಮಗ್ರಿ ಕಣ್ಣೆದುರೇ ಹೋಗುತ್ತಿರುತ್ತದೆ. ನೆಂಟರು ಮಾತ್ರ ಯಾವ ಷರತ್ತೂ ಹಾಕಲಿಲ್ಲ. ಪುಸ್ತಕ ಬಂದ ಮೇಲೆ, ಇಲ್ಲದ ಕಡೆಯೂ ತಮ್ಮನ್ನು ಹುಡುಕಿಕೊಂಡು ಮುನಿಸಿಕೊಳ್ಳುತ್ತಾರೆ.

ಅಚ್ಚಿನ ಕೆಲಸ ಬೆಂಗಳೂರಿನಲ್ಲಿ. ಮೊಬೈಲಿನಲ್ಲಿ ಬರೆದದ್ದು ಯುನಿಕೋಡ್, ಪುಟ ಕಟ್ಟುವವರು ಬಳಸುವುದು ಹಳೆಯ ನುಡಿ ಫಾಂಟ್. ಬದಲಾಯಿಸುವಾಗ ‘ರ‍್ಯಾಲಿ’, ‘ರ‍್ಯಾಕ್’ನಂಥ ಪದಗಳು ಕೆಡುತ್ತವೆ. ಕರಡು ತಿದ್ದುವಾಗ ಮೊದಲು ಅವನ್ನೇ ಹುಡುಕುತ್ತೇನೆ. ಹದಿನಾರು ಪುಟಕ್ಕೊಂದು ಫಾರಂ, ಆದ್ದರಿಂದ ಕಾದಂಬರಿ 240 ಪುಟಕ್ಕೆ ನಿಂತರೆ ಪ್ರಕಾಶಕರಿಗೆ ಸಂತೋಷ, 243 ಆದರೆ ಮೂರು ಪುಟ ಕತ್ತರಿಸಿ ಎಂದು ಫೋನು. ರಾಯಧನ ಸಾಮಾನ್ಯವಾಗಿ ಮುಖಬೆಲೆಯ ಶೇ. 10. ಪುಸ್ತಕದಂಗಡಿಗೆ ಶೇ. 30, 40 ರಿಯಾಯಿತಿ ಹೋಗುತ್ತದೆ. ಮೊದಲೆಲ್ಲ ಸಾವಿರ ಪ್ರತಿ ಅಚ್ಚಾಗುತ್ತಿತ್ತು, ಈಗ ಐನೂರಕ್ಕೇ ಯೋಚನೆ ಮಾಡುತ್ತಾರೆ. ಈ ಲೆಕ್ಕದಲ್ಲಿ ಮನೆ ನಡೆಯುವುದಿಲ್ಲ ಅನ್ನುವುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಿಡುಗಡೆ ಮಾತ್ರ ಮುಂಬಯಿಯಲ್ಲೇ ಇಟ್ಟುಕೊಳ್ಳುತ್ತೇನೆ. ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘ, ಕಲೀನಾದಲ್ಲಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ, ಇಂಥ ಜಾಗಗಳಿರುವವರೆಗೆ ನಮಗೆ ಸಭೆಯ ಕೊರತೆಯಿಲ್ಲ. ಆದರೆ ದಿನ ಗೊತ್ತುಮಾಡುವುದೇ ಒಂದು ವಿದ್ಯೆ. ಜನ ಬರುವುದು ಭಾನುವಾರ, ರೈಲ್ವೆಯವರು ದುರಸ್ತಿಗೆಂದು ಹಳಿ ಮುಚ್ಚುವ ಮೆಗಾಬ್ಲಾಕ್ ಇಡುವುದೂ ಭಾನುವಾರ. ಸೆಂಟ್ರಲ್ ಲೈನಿನ ಬ್ಲಾಕ್ ಹೆಚ್ಚಾಗಿ ಮಾಟುಂಗ, ಮುಲುಂಡ್ ನಡುವೆಯೇ ಬೀಳುವುದರಿಂದ ಠಾಣೆ, ಡೊಂಬಿವಲಿ, ಕಲ್ಯಾಣದ ಓದುಗರು ದಾರಿಯಲ್ಲೇ ಉಳಿಯುತ್ತಾರೆ. ಸಂಜೆ ಐದರ ಮೇಲೆ ಇಟ್ಟರೆ ಬ್ಲಾಕ್ ಮುಗಿದಿರುತ್ತದೆ. ಮಳೆಗಾಲದಲ್ಲಿ ಊರಿನ ಯಕ್ಷಗಾನ ಕಲಾವಿದರು ಮುಂಬಯಿಗೆ ಬರುತ್ತಾರೆ. ಆಟದ ಎದುರು ಪುಸ್ತಕ ಬಿಡುಗಡೆ ಇಟ್ಟರೆ ವೇದಿಕೆಯ ಮೇಲಿದ್ದವರೂ ಅತ್ತ ಹೋಗುತ್ತಾರೆ. ಗಣೇಶ ಚತುರ್ಥಿ, ನವರಾತ್ರಿ ಬಿಟ್ಟು ನೋಡಿದರೆ ನನಗೆ ಹೊಂದಿದ್ದು ನವೆಂಬರ್ ಕೊನೆ, ಇಲ್ಲವೇ ಜನವರಿ.

ಶಾಲು, ಹಾರ, ಫಲತಾಂಬೂಲ, ಉಪ್ಪಿಟ್ಟು ಕೇಸರಿಬಾತಿನ ಖರ್ಚು ಸೇರಿಸಿದರೆ ಆ ದಿನದ ಮಾರಾಟ ಅದಕ್ಕೇ ಸರಿಹೋಗುತ್ತದೆ. ಭಾಷಣ ಮುಗಿಸಿದ ಗಣ್ಯರಿಗೆ ಗೌರವಪ್ರತಿ ಕೊಡಲೇಬೇಕು. ಪರಿಚಯದವರಿಗೆಲ್ಲ ಪುಕ್ಕಟೆ ಕೊಡುವುದನ್ನು ನಾನು ನಿಲ್ಲಿಸಿದ್ದೇನೆ, ಅದರಿಂದ ಕೆಲವರ ಸ್ನೇಹವೂ ನಿಂತಿದೆ. ಪುಸ್ತಕದ ಮೇಜನ್ನು ಬಾಗಿಲ ಬಳಿ ಇಡಬಾರದು, ತಿಂಡಿಯ ಸಾಲಿನ ಪಕ್ಕ ಇಡಬೇಕು. ಸಾಲು ನಿಧಾನ ಸಾಗುವಾಗ ಜನ ಪುಸ್ತಕ ಎತ್ತಿ ನೋಡುತ್ತಾರೆ. ಮಗ ಕ್ಯೂಆರ್ ಕೋಡಿನ ಹಲಗೆ ಹಿಡಿದು ಕೂತಿರುತ್ತಾನೆ. ತಾಯಿಯ ಪುಸ್ತಕ ಓದಲು ಬಾರದಿದ್ದರೂ ಕತೆ ಪೂರ್ತಿ ಗೊತ್ತು, ಕೇಳಿದವರಿಗೆ ಅರ್ಧ ಹೇಳಿ ‘ಉಳಿದದ್ದು ಇದರಲ್ಲಿದೆ ಅಂಕಲ್’ ಅನ್ನುತ್ತಾನೆ.

ಅತಿ ಹೆಚ್ಚು ಪ್ರತಿ ಮಾರಿದವರು ಮಾತ್ರ ನನ್ನ ಗಂಡ. ಘಾಟ್ಕೋಪರಿನ ಹೋಟೆಲಿನಲ್ಲಿ ಮ್ಯಾನೇಜರ್. ಗಲ್ಲಾದ ಮೇಲೆ, ಸೋಂಪಿನ ಬಟ್ಟಲಿನ ಪಕ್ಕ, ಯಾವಾಗಲೂ ನಾಲ್ಕು ಪ್ರತಿ ಇರುತ್ತವೆ. ಬಿಲ್ ಕೊಡುವಾಗ ಕನ್ನಡ ಕಿವಿಗೆ ಬಿದ್ದರೆ ಪುಸ್ತಕ ಮುಂದೆ ತಳ್ಳುತ್ತಾರೆ. ಏನು ಕತೆ ಎಂದು ಕೇಳಿದರೆ ‘ನಮ್ಮದೇ’ ಅನ್ನುತ್ತಾರಂತೆ. ಊರಿನ ಹೋಟೆಲ್ ಮಾಲೀಕರು ಮಗಳ ಮದುವೆಗೆ, ಗೃಹಪ್ರವೇಶಕ್ಕೆ ಹಂಚಲು ಒಟ್ಟಿಗೆ ಇಪ್ಪತ್ತೈದು, ಐವತ್ತು ಒಯ್ದದ್ದಿದೆ. ಫೇಸ್‌ಬುಕ್ ಜಾಹೀರಾತಿಗೆ ಹಾಕಿದ ದುಡ್ಡು ಅಷ್ಟು ಫಲ ಕೊಡಲಿಲ್ಲ.

ಮಗಳು ಈಗ ಪುಣೆಯಲ್ಲಿ ಓದುತ್ತಿದ್ದಾಳೆ. ಮಂಚದ ಅಂಚಿನಲ್ಲಿ ಕೂತು ಓದುವುದು ನಿಂತಿತು. ಅಧ್ಯಾಯ ಮುಗಿದ ಹಾಗೆ ವಾಟ್ಸಾಪಿನಲ್ಲಿ ಧ್ವನಿ ಕಳಿಸುತ್ತೇನೆ. ಅವಳು ಬಸ್ಸಿನಲ್ಲಿ ಕೇಳುತ್ತಾಳೆ, ಅದೂ ಒಂದೂವರೆ ಪಟ್ಟು ವೇಗದಲ್ಲಿ. ಬೇಸರ ಬಂದ ಕಡೆ ಎರಡು ಪಟ್ಟು. ಎಷ್ಟನೇ ನಿಮಿಷದಲ್ಲಿ ವೇಗ ಹೆಚ್ಚಿಸಿದೆ ಎಂದು ಮೆಸೇಜ್ ಹಾಕುತ್ತಾಳೆ, ಕಾರಣ ಹೇಳುವುದಿಲ್ಲ. ಯಾವ ವಿಮರ್ಶಕರೂ ನನಗೆ ಇಷ್ಟು ಕರಾರುವಾಕ್ಕಾಗಿ ಹೇಳಿಲ್ಲ. ಸದ್ಯದ ಕಾದಂಬರಿಯ ಆರನೇ ಅಧ್ಯಾಯವನ್ನು ಆರಂಭದಿಂದಲೇ ಎರಡು ಪಟ್ಟಿನಲ್ಲಿ ಕೇಳಿದ್ದಾಳೆ. ನಾಯಕ ಊರಿಗೆ ಹೋಗಿ ಗದ್ದೆ ನೋಡುತ್ತಾ ನಿಲ್ಲುವ ಅಧ್ಯಾಯ. ಅದನ್ನು ಪೂರ್ತಿ ತೆಗೆದು, ಐದರಿಂದ ನೇರ ಏಳಕ್ಕೆ ಹೋಗಬಹುದೇ ಎಂದು ನೋಡುತ್ತಿದ್ದೇನೆ.