ಒಂದೇ ಮುಂಗೈ, ಎರಡು ಗಡಿಯಾರ: ರೋಗನಿರೋಧಕ ವ್ಯವಸ್ಥೆಯ ಪಾಠ ನಾನು ಮಾಡುವ ಕ್ರಮ

ಕೋಲಾರದಲ್ಲಿ ನರ್ಸಿಂಗ್ ಓದುವ ಮಕ್ಕಳಿಗೆ ಈ ಪಾಠ ಮಾಡುವಾಗ ನಾನು ಜೀವಕೋಶಗಳ ಪಟ್ಟಿಯಿಂದ ಶುರು ಮಾಡುವುದಿಲ್ಲ. ಪಟ್ಟಿಯನ್ನು ಅವರು ಪರೀಕ್ಷೆಯ ಹಿಂದಿನ ರಾತ್ರಿ ಹೇಗೂ ಬಾಯಿಪಾಠ ಮಾಡುತ್ತಾರೆ. ಟಿ ಕೋಶ, ಬಿ ಕೋಶ, ಐಜಿಜಿ, ಐಜಿಎಂ ಎಲ್ಲ ಸಲೀಸಾಗಿ ಒಪ್ಪಿಸುತ್ತಾರೆ. ಆದರೆ ನಾಯಿ ಕಚ್ಚಿಸಿಕೊಂಡು ಬಂದವರಿಗೆ ಲಸಿಕೆಯ ಜೊತೆಗೆ ಸೀರಮ್ ಯಾಕೆ ಬೇಕು ಎಂದು ಕೇಳಿದರೆ ತರಗತಿಯೇ ಸುಮ್ಮನಾಗುತ್ತದೆ. ಯಾರು ಯಾರು ಇದ್ದಾರೆ ಎಂಬುದು ಗೊತ್ತು, ಯಾರು ಯಾವಾಗ ಬರುತ್ತಾರೆ ಎಂಬುದು ಗೊತ್ತಿಲ್ಲ. ಹಾಗಾಗಿ ನನ್ನ ಪಾಠ ಸಮಯದಿಂದಲೇ ಶುರುವಾಗುತ್ತದೆ.

ಮೊದಲ ಪ್ರಶ್ನೆ ಇದು. ಅಲರ್ಜಿ ಇದೆಯೇ ಎಂದು ತಿಳಿಯಲು ಪೆನಿಸಿಲಿನ್ ಟೆಸ್ಟ್ ಡೋಸನ್ನು ಮುಂಗೈ ಚರ್ಮದೊಳಗೆ ಕೊಟ್ಟು 15–20 ನಿಮಿಷಕ್ಕೆ ನೋಡುತ್ತೀರಿ. ಕ್ಷಯದ ಸೋಂಕು ಪತ್ತೆ ಮಾಡುವ ಮಾಂಟೂ ಟೆಸ್ಟನ್ನೂ ಅದೇ ಮುಂಗೈ ಚರ್ಮದೊಳಗೆ ಕೊಟ್ಟು 48ರಿಂದ 72 ಗಂಟೆ ಕಾಯುತ್ತೀರಿ. ಜಾಗ ಅದೇ, ಸೂಜಿ ಅದೇ. ಯಾಕೆ ಇಷ್ಟು ಅಂತರ?

ಟೆಸ್ಟ್ ಡೋಸಿನಲ್ಲಿ ನಾವು ನೋಡುವುದು ಮಾಸ್ಟ್ ಕೋಶಗಳನ್ನು. ಇವು ಚರ್ಮದಲ್ಲೇ ವಾಸ. ಆ ಔಷಧಿಗೆ ಹಿಂದೆಯೇ ತಯಾರಾದ ಐಜಿಇ ಎಂಬ ಪ್ರತಿಕಾಯ (ಆ್ಯಂಟಿಬಾಡಿ) ಇವುಗಳ ಮೈಮೇಲೆ ಅಂಟಿಕೊಂಡಿದ್ದರೆ, ಔಷಧಿ ತಾಗಿದ ತಕ್ಷಣ ರಕ್ತನಾಳ ಹಿಗ್ಗಿಸುವ ಹಿಸ್ಟಮಿನ್ ಚೆಲ್ಲುತ್ತವೆ. ಎಲ್ಲಿಂದಲೂ ಯಾರೂ ಬರಬೇಕಾಗಿಲ್ಲ, ಅದಕ್ಕೇ ನಿಮಿಷಗಳ ಕೆಲಸ. ಮಾಂಟೂನಲ್ಲಿ ನೋಡುವುದು ಟಿ ಕೋಶಗಳನ್ನು. ಕ್ಷಯದ ರೋಗಾಣುವನ್ನು ಹಿಂದೆ ಕಂಡು ನೆನಪಿಟ್ಟುಕೊಂಡ ಟಿ ಕೋಶಗಳು ರಕ್ತದಲ್ಲಿ ತಿರುಗಾಡುತ್ತಿರುತ್ತವೆ. ಅವು ಮುಂಗೈಗೆ ಬಂದು ಸೇರಬೇಕು, ಗುರುತು ಹಿಡಿಯಬೇಕು, ರೋಗಾಣು ನುಂಗುವ ಮ್ಯಾಕ್ರೋಫೇಜ್ ಕೋಶಗಳನ್ನು ಕರೆಸಬೇಕು. ಅಷ್ಟೂ ಜನ ಒಂದು ಕಡೆ ಜಮಾಯಿಸಿದ್ದರಿಂದ ಚರ್ಮ ಗಟ್ಟಿಯಾಗುತ್ತದೆ. ಅದಕ್ಕೆ ಎರಡು ದಿನ ಬೇಕು.

ಇದು ತಲೆಗೆ ಹೋದರೆ ಮಾಂಟೂ ಓದುವುದರಲ್ಲಿ ಆಗುವ ತಪ್ಪುಗಳು ತಾವಾಗಿ ನಿಲ್ಲುತ್ತವೆ. ಕೆಂಪಾದ ಭಾಗವನ್ನು ಅಳೆಯಬಾರದು. ಕೆಂಪು ಎಂದರೆ ರಕ್ತನಾಳ ಹಿಗ್ಗಿದೆ ಎಂದಷ್ಟೇ. ಗಟ್ಟಿಯಾದ ಭಾಗವೇ ಟಿ ಕೋಶಗಳ ಸಾಕ್ಷಿ. ಬಾಲ್ ಪೆನ್ನನ್ನು ಹೊರಗಿನಿಂದ ಒಳಕ್ಕೆ ಮೆಲ್ಲಗೆ ತಂದರೆ ಗಟ್ಟಿಯ ಅಂಚಿಗೆ ಬಂದು ತಡೆಯುತ್ತದೆ. ಎರಡೂ ಬದಿಯಲ್ಲಿ ಹಾಗೆ ಗುರುತು ಮಾಡಿ, ಮುಂಗೈಗೆ ಅಡ್ಡಲಾಗಿ ಮಿಲಿಮೀಟರ್‌ನಲ್ಲಿ ಅಳೆದು ಬರೆಯಬೇಕು. ‘ಪಾಸಿಟಿವ್’ ಎಂದು ಬರೆದು ಬಿಟ್ಟರೆ ಸಾಲದು, ಸಂಖ್ಯೆ ಬರೆಯಬೇಕು. ಸಾಮಾನ್ಯರಿಗೆ 10 ಮಿ.ಮೀ., ಎಚ್‌ಐವಿ ಇದ್ದವರಿಗೆ 5 ಮಿ.ಮೀ. ಗಡಿ. ಯಾಕೆ ಕಡಿಮೆ? ಅವರಲ್ಲಿ ಬಂದು ಸೇರಬೇಕಾದ ಟಿ ಕೋಶಗಳೇ ಕಡಿಮೆ. ಸ್ಟೀರಾಯ್ಡ್ ತಗೊಳ್ಳುವವರು, ತೀರಾ ಸೊರಗಿದ ಮಕ್ಕಳು, ಈಚೆಗಷ್ಟೇ ದಡಾರ ಬಂದು ಹೋದವರು ಇವರಲ್ಲೂ ಕ್ಷಯ ಇದ್ದೂ ಕೈ ಬರಿದಾಗಿ ಕಾಣಬಹುದು. ಇನ್ನೊಂದು ಸಣ್ಣ ಮಾತು: ಗುರುವಾರ ಹಾಕಿದರೆ 72 ಗಂಟೆ ಭಾನುವಾರಕ್ಕೆ ಬೀಳುತ್ತದೆ. ಹಾಕುವ ದಿನವನ್ನೇ ನೋಡಿ ಹಾಕಿ.

ಈ ಎರಡು ಗಡಿಯಾರದ ನಡುವೆ ಇನ್ನೊಂದಿದೆ, ಗಂಟೆಗಳ ಗಡಿಯಾರ. ಅದಕ್ಕೆ ನಾನು ತೆಗೆದುಕೊಳ್ಳುವ ಉದಾಹರಣೆ ಜಾಲಿ ಮುಳ್ಳು. ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಮಕ್ಕಳಿಗೆ ವಿವರಿಸಿ ಹೇಳಬೇಕಾಗಿಲ್ಲ. ಬೆಳಿಗ್ಗೆ ಅಂಗಾಲಿಗೆ ಮುಳ್ಳು ಹೊಕ್ಕಿತು, ತುದಿ ಒಳಗೇ ಮುರಿಯಿತು. ನಿಮಿಷಗಳಲ್ಲಿ ಆ ಜಾಗ ಕೆಂಪಾಗಿ ಬಿಸಿಯಾಗುತ್ತದೆ, ಅದು ಮಾಸ್ಟ್ ಕೋಶಗಳ ಕೆಲಸ. ರಕ್ತನಾಳ ಹಿಗ್ಗಿ, ಗೋಡೆ ಸಡಿಲವಾಗಿ, ಒಳಗಿನ ನೀರು ಹೊರಗೆ ಇಳಿಯುತ್ತದೆ. ಬಾವು ಎಂದರೆ ಅದೇ. ಆ ಸಡಿಲವಾದ ಗೋಡೆಯ ಮೂಲಕ ಕೆಲವೇ ಗಂಟೆಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ನುಗ್ಗುತ್ತವೆ. ಮೂಳೆಯೊಳಗಿನ ಮಜ್ಜೆ ದಿನಕ್ಕೆ ಸುಮಾರು 10 ಸಾವಿರ ಕೋಟಿ ನ್ಯೂಟ್ರೋಫಿಲ್ ತಯಾರಿಸುತ್ತದೆ. ಅವು ಹೆಚ್ಚು ದಿನ ಬದುಕುವವಲ್ಲ. ಬ್ಯಾಕ್ಟೀರಿಯಾ ನುಂಗಿ ಅಲ್ಲೇ ಸಾಯುತ್ತವೆ. ಮಾರನೇ ದಿನ ಕಾಣುವ ಕೀವು ಎಂದರೆ ಹೆಚ್ಚಿನ ಪಾಲು ಸತ್ತ ನ್ಯೂಟ್ರೋಫಿಲ್.

ಇಲ್ಲಿ ನಿಂತು ಒಂದು ಲೆಕ್ಕ ಮಾಡಿಸುತ್ತೇನೆ. ಕೀಮೋಥೆರಪಿ ಆದ ರೋಗಿ, ಬಿಳಿ ರಕ್ತಕಣ 2,000, ಅದರಲ್ಲಿ ನ್ಯೂಟ್ರೋಫಿಲ್ ಶೇ. 20. ಗುಣಿಸಿದರೆ 400. 500ಕ್ಕಿಂತ ಕೆಳಗಿದೆ, ತೀವ್ರ ಅಪಾಯ. ಮಕ್ಕಳು ಒಟ್ಟು ಕೌಂಟ್ ನೋಡಿ ‘ಕಡಿಮೆ ಇದೆ’ ಎಂದು ಬರೆದು ಮುಂದೆ ಹೋಗುತ್ತಾರೆ, ಈ ಗುಣಾಕಾರ ಮಾಡುವುದಿಲ್ಲ. ಇಂಥ ರೋಗಿಯ ಕ್ಯಾನುಲಾ ಜಾಗದಲ್ಲಿ ಸೋಂಕು ಆದರೂ ಕೀವು ಬರುವುದಿಲ್ಲ, ಬಾವೂ ಅಷ್ಟಾಗಿ ಕಾಣುವುದಿಲ್ಲ. ಕೀವಾಗಲು ನ್ಯೂಟ್ರೋಫಿಲ್ ಇರಬೇಕಲ್ಲ! ‘ಜಾಗ ಚೆನ್ನಾಗಿದೆ’ ಎಂಬ ನಿಮ್ಮ ಟಿಪ್ಪಣಿ ಇಲ್ಲಿ ಮೋಸ ಮಾಡುತ್ತದೆ. 38 ಡಿಗ್ರಿ ಜ್ವರ ಒಂದೇ ಸಿಗುವ ಸುಳಿವು. ಜ್ವರ ಕಂಡರೆ ಬೆಳಗಿನ ರೌಂಡ್ಸ್‌ಗೆ ಕಾಯದೆ ಆಗಲೇ ಡಾಕ್ಟರಿಗೆ ತಿಳಿಸಿ.

ಮುಳ್ಳಿಗೆ ವಾಪಸ್ಸು. ಅಂಗಾಲಿನಲ್ಲಿದ್ದ ಡೆಂಡ್ರೈಟಿಕ್ ಕೋಶಗಳು ರೋಗಾಣುವಿನ ತುಣುಕು ಹೊತ್ತುಕೊಂಡು ದುಗ್ಧನಾಳದಲ್ಲಿ (ಲಿಂಫ್ ನಾಳ) ಮೇಲೆ ಹೊರಡುತ್ತವೆ. ಎರಡು ಮೂರು ದಿನಕ್ಕೆ ‘ಸಿಸ್ಟರ್, ಮುಳ್ಳು ಚುಚ್ಚಿದ್ದು ಕಾಲಿಗೆ, ತೊಡೆಸಂದಿನಲ್ಲಿ ಗಂಟು ಕಟ್ಟಿದೆ’ ಎನ್ನುತ್ತಾರೆ. ಆ ಗಂಟು ದುಗ್ಧಗ್ರಂಥಿ. ಅದರೊಳಗೆ ಆಗುತ್ತಿರುವುದು ಹುಡುಕಾಟ. ಒಂದು ನಿರ್ದಿಷ್ಟ ತುಣುಕನ್ನು ಗುರುತಿಸಬಲ್ಲ ಟಿ ಕೋಶ ಸುಮಾರು ಒಂದು ಲಕ್ಷದಿಂದ ಹತ್ತು ಲಕ್ಷಕ್ಕೆ ಒಂದು. ಅದು ಸಿಕ್ಕಬೇಕು, ಸಿಕ್ಕ ಮೇಲೆ ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆದು ಸೈನ್ಯವಾಗಬೇಕು. ನಾಲ್ಕೈದು ದಿನ ಹಿಡಿಯುತ್ತದೆ. ಆಮೇಲೆ ಬಿ ಕೋಶಗಳು ಪ್ರತಿಕಾಯ ಬಿಡಲು ತೊಡಗುತ್ತವೆ, ಮೊದಲು ಐಜಿಎಂ, 10ರಿಂದ 14 ದಿನದ ಹೊತ್ತಿಗೆ ಗಟ್ಟಿಯಾದ ಐಜಿಜಿ. ಗಂಟನ್ನು ಹಿಸುಕಬಾರದು, ಬಿಸಿ ಎಣ್ಣೆ ಹಚ್ಚಿ ತಿಕ್ಕಬಾರದು. ಗಾಯದಿಂದ ಮೇಲಕ್ಕೆ ಕೆಂಪು ಗೆರೆ ಹತ್ತಿದರೆ, ಜ್ವರ ಬಂದರೆ, ಅದು ನಂಜು ಹರಡುತ್ತಿರುವ ಗುರುತು. ಕೂಡಲೇ ಡಾಕ್ಟರಿಗೆ ತೋರಿಸಬೇಕು. ಧನುರ್ವಾಯುವಿನ ಲಸಿಕೆ ಟಿಟಿ ಅಥವಾ ಟಿಡಿ ಯಾವಾಗ ಆಗಿತ್ತು ಎಂದು ಕೇಳುವುದನ್ನೂ ಮರೆಯಬಾರದು.

ಈಗ ಶುರುವಿನಲ್ಲಿ ಹೇಳಿದ ನಾಯಿ ಕಡಿತದ ಸೀರಮ್ಮಿನ ಪ್ರಶ್ನೆಗೆ ಬರಬಹುದು. ನಾಯಿ ಕಡಿತದ ಕೋಣೆಗಿಂತ ಒಳ್ಳೆಯ ತರಗತಿ ಈ ಪಾಠಕ್ಕಿಲ್ಲ ಎಂದು ನಾನು ನಂಬಿದ್ದೇನೆ.

ರೇಬಿಸ್ ವೈರಸ್ಸು ಗಾಯದಲ್ಲಿ ಕೂತಿರುವಷ್ಟು ಹೊತ್ತು ಪ್ರತಿಕಾಯಕ್ಕೆ ಸಿಗುತ್ತದೆ. ನರದೊಳಗೆ ಹೊಕ್ಕ ಮೇಲೆ ಸಿಗುವುದಿಲ್ಲ. ರೋಗದ ಲಕ್ಷಣ ಕಾಣಿಸಿದ ಮೇಲೆ ಉಳಿಸುವ ಚಿಕಿತ್ಸೆ ಇಲ್ಲ. ಲಸಿಕೆಯಿಂದ ದೇಹ ತನ್ನದೇ ಪ್ರತಿಕಾಯ ತಯಾರಿಸಲು 7ರಿಂದ 14 ದಿನ ಬೇಕು. ಆ ದಿನಗಳಲ್ಲಿ ಗಾಯವನ್ನು ಕಾಯುವವರು ಯಾರು? ತಯಾರಾದ ಪ್ರತಿಕಾಯವನ್ನೇ ತಂದು ಗಾಯದೊಳಗೆ ಇಡುವುದು, ಅದೇ ಸೀರಮ್.

ಅದಕ್ಕೂ ಮೊದಲು ನೀರು ಮತ್ತು ಸೋಪು. ಹರಿಯುವ ನೀರಿನಲ್ಲಿ 15 ನಿಮಿಷ, ಗಡಿಯಾರ ನೋಡಿ. ಎರಡು ನಿಮಿಷ ತೊಳೆದು ‘ಆಯ್ತು’ ಎನ್ನುವುದೇ ಹೆಚ್ಚು. ಸೋಪು ವೈರಸ್ಸಿನ ಕೊಬ್ಬಿನ ಹೊದಿಕೆಯನ್ನು ಒಡೆಯುತ್ತದೆ, ನೀರು ಅದನ್ನು ಹೊರಗೆ ಹಾಕುತ್ತದೆ. ಆಮೇಲೆ ಪೊವಿಡೋನ್ ಅಯೋಡಿನ್. ಅರಿಶಿನ, ಸುಣ್ಣ, ಖಾರದ ಪುಡಿ, ಕಾಫಿ ಪುಡಿ ಮೆತ್ತಿಕೊಂಡು ಬಂದಿದ್ದರೆ ಬೈಯಬೇಡಿ, ತೊಳೆದು ತೆಗೆಯಿರಿ. ಬೈದರೆ ಎರಡನೇ ಡೋಸಿಗೆ ಬರುವುದಿಲ್ಲ. ಹೊಕ್ಕಳ ಸುತ್ತ 14 ಸೂಜಿ ಎಂಬ ಹೆದರಿಕೆ ಇನ್ನೂ ಹಳ್ಳಿಗಳಲ್ಲಿ ಇದೆ. ಆ ಹಳೇ ಲಸಿಕೆಯನ್ನು ಭಾರತದಲ್ಲಿ 2004ರಲ್ಲೇ ನಿಲ್ಲಿಸಲಾಗಿದೆ ಎಂದು ಬಿಡಿಸಿ ಹೇಳಿ.

ರಕ್ತ ಬಾರದ ಸಣ್ಣ ಗೀರಾದರೆ ಎರಡನೇ ವರ್ಗ, ಲಸಿಕೆ ಸಾಕು. ಚರ್ಮ ಹರಿದು ರಕ್ತ ಬಂದಿದ್ದರೆ, ಬಾಯಿಗೋ ಕಣ್ಣಿಗೋ ಜೊಲ್ಲು ತಾಗಿದ್ದರೆ ಮೂರನೇ ವರ್ಗ, ಸೀರಮ್ಮೂ ಬೇಕು. ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಎರಡನೇ ವರ್ಗದಲ್ಲೂ ಸೀರಮ್ ಕೊಡುತ್ತೇವೆ. ಅವರ ದೇಹ ಲಸಿಕೆಗೆ ಎಷ್ಟು ಸ್ಪಂದಿಸೀತು ಎಂಬ ಭರವಸೆ ಇಲ್ಲದಿರುವುದೇ ಕಾರಣ.

ಸೀರಮ್ಮಿನ ಲೆಕ್ಕ: ಕುದುರೆಯ ರಕ್ತದಿಂದ ತೆಗೆದದ್ದಾದರೆ ಕೆ.ಜಿ.ಗೆ 40 ಯೂನಿಟ್, ಮನುಷ್ಯರದಾದರೆ 20. 50 ಕೆ.ಜಿ.ಯವರಿಗೆ ಕುದುರೆ ಸೀರಮ್ 2,000 ಯೂನಿಟ್. ವಯಲ್‌ನಲ್ಲಿ ಮಿ.ಲೀ.ಗೆ 300 ಯೂನಿಟ್ ಇದ್ದರೆ ಸುಮಾರು 6.7 ಮಿ.ಲೀ. ವಯಲ್ ಮೇಲಿನ ಬರಹ ಓದದೆ ಲೆಕ್ಕ ಹಾಕಬೇಡಿ. ಇದನ್ನು ಗಾಯದ ಒಳಗೂ ಸುತ್ತಲೂ ತುಂಬಬೇಕು. ಗಾಯ ಬಹಳ ಇದ್ದು ಔಷಧಿ ಸಾಲದಿದ್ದರೆ ನಾರ್ಮಲ್ ಸಲೈನ್ ಬೆರೆಸಿ ಪ್ರಮಾಣ ಹೆಚ್ಚಿಸಬಹುದು, ಯೂನಿಟ್ ಹೆಚ್ಚಿಸುವಂತಿಲ್ಲ. ಹೆಚ್ಚು ಕೊಟ್ಟರೆ ಹೊರಗಿನ ಪ್ರತಿಕಾಯ ಲಸಿಕೆಯನ್ನೇ ಕಟ್ಟಿಹಾಕುತ್ತದೆ. ಲಸಿಕೆಯನ್ನೂ ಸೀರಮ್ಮನ್ನೂ ಒಂದೇ ಸಿರಿಂಜಿನಲ್ಲಿ ಎಳೆಯಬಾರದು, ಒಂದೇ ಜಾಗಕ್ಕೆ ಕೊಡಬಾರದು ಎನ್ನುವುದೂ ಇದೇ ಕಾರಣಕ್ಕೆ. ಮೊದಲ ಲಸಿಕೆ ಆಗಿ 7 ದಿನ ದಾಟಿದ ಮೇಲೆ ಸೀರಮ್ ಬೇಡ, ಅಷ್ಟರಲ್ಲಿ ಸ್ವಂತ ಪ್ರತಿಕಾಯ ಬರತೊಡಗಿರುತ್ತದೆ.

ಲಸಿಕೆ ಚರ್ಮದೊಳಗೆ: 0.1 ಮಿ.ಲೀ., ಎರಡೂ ತೋಳಿಗೆ ಒಂದೊಂದು, 0, 3, 7 ಮತ್ತು 28ನೇ ದಿನ. ಎರಡೂ ತೋಳು ಯಾಕೆ? ಎಡಗೈಯದು ಎಡ ಕಂಕುಳಿನ ಗ್ರಂಥಿಗೆ, ಬಲಗೈಯದು ಬಲ ಕಂಕುಳಿಗೆ ಹೋಗುತ್ತದೆ. ಒಂದೇ ಹುಡುಕಾಟ ಎರಡು ಕಡೆ ಒಟ್ಟಿಗೆ ನಡೆಯುತ್ತದೆ. ಇಷ್ಟು ಸ್ವಲ್ಪ ಲಸಿಕೆ ಸಾಕಾಗುವುದು ಯಾಕೆಂದರೆ ಚರ್ಮದಲ್ಲಿ ಡೆಂಡ್ರೈಟಿಕ್ ಕೋಶಗಳು ದಟ್ಟವಾಗಿವೆ. ಕುಂಡಿಯ ಕೊಬ್ಬಿನಲ್ಲಿ ಅವು ವಿರಳ. ಸ್ನಾಯುವಿಗೆ ಕೊಡುವ ಪದ್ಧತಿಯಲ್ಲೂ ಕುಂಡಿಗೆ ಈ ಲಸಿಕೆ ಕೊಡಲೇಬಾರದು. ಎಳೆ ಮಕ್ಕಳಿಗೆ ತೊಡೆಯ ಹೊರಬದಿ.

ಕೈ ತಪ್ಪುವುದು ಎರಡು ಕಡೆ. ಒಂದು, ಸಿರಿಂಜು. 40 ಯೂನಿಟ್ಟಿನ ಇನ್ಸುಲಿನ್ ಸಿರಿಂಜಿನಲ್ಲಿ 0.1 ಮಿ.ಲೀ. ಎಂದರೆ 4ನೇ ಗೆರೆ, 100 ಯೂನಿಟ್ಟಿನದರಲ್ಲಿ 10ನೇ ಗೆರೆ. ಅದಲು ಬದಲಾದರೆ ಡೋಸ್ ಎರಡೂವರೆ ಪಟ್ಟು ಏರುಪೇರು. ಎರಡು, ಆಳ. ಚರ್ಮ ಬಿಗಿಯಾಗಿ ಎಳೆದು, ಸೂಜಿಯ ಬಾಯಿ ಮೇಲೆ ಮಾಡಿ, ಚರ್ಮಕ್ಕೆ ಬಹುತೇಕ ಸಮನಾಗಿ ಮಲಗಿಸಿ ಚುಚ್ಚಬೇಕು. ತಳ್ಳುವಾಗ ಕೈಗೆ ತಡೆ ಸಿಗಬೇಕು. ಕಿತ್ತಳೆ ಸಿಪ್ಪೆಯಂಥ ಸಣ್ಣ ರಂಧ್ರಗಳಿರುವ ಬಿಳಿಚಿದ ಗುಳ್ಳೆ ಏಳಬೇಕು. ಸಲೀಸಾಗಿ ಹೋಗಿ ಗುಳ್ಳೆ ಏಳದಿದ್ದರೆ ಕೊಬ್ಬಿಗೆ ಹೋಗಿದೆ. ಪಕ್ಕದಲ್ಲಿ ಮತ್ತೊಂದು ಸರಿಯಾಗಿ ಕೊಡಿ. ಗುಳ್ಳೆಯನ್ನು ಉಜ್ಜಬೇಡಿ. ಕಲಸಿದ ವಯಲ್ 2–8 ಡಿಗ್ರಿಯಲ್ಲಿ 6–8 ಗಂಟೆ ಮಾತ್ರ, ಉಳಿದದ್ದು ನಾಳೆಗಿಲ್ಲ.

ಕುದುರೆ ಸೀರಮ್ ಕೊಡುವ ಮೇಜಿನ ಮೇಲೆ ಅಡ್ರಿನಲಿನ್ ಎದುರಿಗೇ ಇರಬೇಕು, ಬೀಗ ಹಾಕಿದ ಬೀರುವಿನಲ್ಲಲ್ಲ. ನಿಮಿಷಗಳ ಗಡಿಯಾರ ಇಡೀ ಮೈಯಲ್ಲಿ ಒಟ್ಟಿಗೆ ಬಾರಿಸಿದರೆ ಅದು ಅನಾಫಿಲ್ಯಾಕ್ಸಿಸ್: ಮೈ ತುಂಬ ದದ್ದು, ಉಬ್ಬಸ, ಬಿಪಿ ಕುಸಿತ. ದೊಡ್ಡವರಿಗೆ 1:1000 ಅಡ್ರಿನಲಿನ್ 0.5 ಮಿ.ಲೀ., ತೊಡೆಯ ನಡು ಹೊರಬದಿಯ ಸ್ನಾಯುವಿಗೆ. ಮಕ್ಕಳಿಗೆ ಕೆ.ಜಿ.ಗೆ 0.01 ಮಿ.ಲೀ. ಐದು ನಿಮಿಷಕ್ಕೆ ಸುಧಾರಿಸದಿದ್ದರೆ ಮತ್ತೊಮ್ಮೆ. ಮಲಗಿಸಿ ಕಾಲು ಎತ್ತಿ, ಎಬ್ಬಿಸಿ ನಡೆಸಬೇಡಿ. ಮೊದಲು ಅಲರ್ಜಿಯ ಔಷಧಿ ಏವಿಲ್ ಕೊಟ್ಟು ಕಾಯುವುದು ದೊಡ್ಡ ತಪ್ಪು: ಅದು ಹಿಸ್ಟಮಿನ್ನಿಗೆ ಮಾತ್ರ ಅಡ್ಡ, ಹಿಗ್ಗಿದ ರಕ್ತನಾಳವನ್ನು ಬಿಗಿಸುವುದಿಲ್ಲ, ಮುಚ್ಚಿದ ಶ್ವಾಸನಾಳವನ್ನು ಬಿಡಿಸುವುದಿಲ್ಲ. ‘ಹೋದ ಸಲ ಏನೂ ಆಗಲಿಲ್ಲ’ ಎಂಬ ಮಾತನ್ನೂ ನಂಬಬೇಡಿ. ಐಜಿಇ ತಯಾರಾಗಿದ್ದೇ ಹೋದ ಸಲದಿಂದ ಇರಬಹುದು.

ತಯಾರಾದ ಪ್ರತಿಕಾಯವನ್ನು ಎರವಲು ಕೊಡುವುದನ್ನು ತಾಯಿಯೂ ಮಾಡುತ್ತಾಳೆ. ಹಸು ಕಟ್ಟಿರುವ ಮನೆಯ ಮಕ್ಕಳಿಗೆ ಇದು ಬೇಗ ಹತ್ತುತ್ತದೆ: ಗಿಣ್ಣು ಕುಡಿಯದ ಕರು ಉಳಿಯುವುದು ಕಷ್ಟ, ಹಸುವಿನ ಮಾಸಿನ ಮೂಲಕ ಪ್ರತಿಕಾಯ ದಾಟುವುದೇ ಇಲ್ಲ. ಮನುಷ್ಯರಲ್ಲಿ ಐಜಿಜಿ ಮಾಸಿನ ಮೂಲಕವೇ ಮಗುವಿಗೆ ದಾಟುತ್ತದೆ, ಹೆಚ್ಚಾಗಿ ಕೊನೆಯ ಮೂರು ತಿಂಗಳಲ್ಲಿ. ದಿನ ತುಂಬದೆ ಹುಟ್ಟಿದ ಕೂಸಿಗೆ ಅದು ಕಡಿಮೆ. ಮೊದಲ ಹಳದಿ ಹಾಲಿನಲ್ಲಿ ಹೆಚ್ಚಾಗಿ ಇರುವುದು ಐಜಿಎ, ಅದು ಕರುಳಿನ ಗೋಡೆಯನ್ನು ಕಾಯುತ್ತದೆ. ಹಿಂಡಿ ಚೆಲ್ಲಲು ಬಿಡಬೇಡಿ. ದಡಾರ-ರುಬೆಲ್ಲಾ ಲಸಿಕೆಗೆ 9 ತಿಂಗಳು ತುಂಬಲಿ ಎಂದು ಕಾಯುವುದೂ ತಾಯಿಯ ಪ್ರತಿಕಾಯ ಆ ಲಸಿಕೆಯನ್ನು ತಡೆಯುತ್ತದೆ ಎಂದೇ.

ಎರವಲು ತಂದದ್ದಕ್ಕೆ ನೆನಪಿಲ್ಲ, ಸೀರಮ್ ಕೆಲವು ವಾರಗಳಲ್ಲಿ ಕರಗಿ ಹೋಗುತ್ತದೆ. ಸ್ವಂತ ಬಿ ಮತ್ತು ಟಿ ಕೋಶಗಳಿಗೆ ನೆನಪಿದೆ. ಆದ್ದರಿಂದ ಹಿಂದೆ ಪೂರ್ತಿ ಕೋರ್ಸ್ ಮುಗಿಸಿದವರಿಗೆ ಮತ್ತೆ ನಾಯಿ ಕಚ್ಚಿದರೆ, ಗಾಯ ಎಷ್ಟೇ ದೊಡ್ಡದಿರಲಿ, ಸೀರಮ್ ಬೇಡ. ತೊಳೆದು, 0 ಮತ್ತು 3ನೇ ದಿನ ಒಂದೊಂದು ಜಾಗಕ್ಕೆ 0.1 ಮಿ.ಲೀ. ಸಾಕು. ಆದರೆ ‘ಆವಾಗ ಹಾಕಿಸಿದ್ದೆ ಸಿಸ್ಟರ್’ ಎಂಬ ಬಾಯಿಮಾತು ಸಾಲದು. ಹಳೇ ಚೀಟಿ ತರಿಸಿ ನೋಡಿ, ಎಷ್ಟು ಡೋಸ್ ಬಿದ್ದಿದೆ ಎಂದು ಎಣಿಸಿ. ಚೀಟಿ ಇಲ್ಲದಿದ್ದರೆ, ಎರಡಕ್ಕೇ ನಿಲ್ಲಿಸಿದ್ದರೆ, ಹೊಸಬರೆಂದೇ ಲೆಕ್ಕ: ಸೋಪು, ಸೀರಮ್, ನಾಲ್ಕೂ ದಿನದ ಲಸಿಕೆ. ಈ ಸಲದ ಚೀಟಿಯನ್ನು ರೇಷನ್ ಕಾರ್ಡಿನ ಜೊತೆ ಇಡಲು ಹೇಳಿ ಕಳಿಸಿ.